ಸಾಕೆಟ್ಟಿನೊಳಗೆ ನ್ಯೂಟ್ರಲ್‌ಗೂ ಅರ್ಥ್‌ಗೂ ತಂತಿ ಸೇರಿಸಿದರೆ ಸಾಕೇ?

ಪ್ರಶ್ನೆ: ನಮ್ಮದು ಹಳ್ಳಿಯ ಹಳೆಯ ಹೆಂಚಿನ ಮನೆ. ನೆಲ ಒರೆಸಿದ ಹೊತ್ತಿನಲ್ಲಿ ಬರಿಗಾಲಿನಲ್ಲಿ ನಿಂತು ಫ್ರಿಜ್ ಬಾಗಿಲು ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ವೈರಿಂಗ್ ಮಾಡುವವರೊಬ್ಬರು ಬಂದು ಸಾಕೆಟ್ ಬಿಚ್ಚಿ, ಒಳಗಿನ ಎರಡು ಸ್ಕ್ರೂಗಳ ನಡುವೆ ತುಂಡು ತಂತಿಯೊಂದನ್ನು ಹಾಕಿದರು. ಈಗ ಶಾಕ್ ಇಲ್ಲ, ಟೆಸ್ಟರ್ ಇಟ್ಟರೂ ಹೊತ್ತುವುದಿಲ್ಲ. ಇಷ್ಟು ಸಾಕೇ?

ಉತ್ತರ: ಸಾಲದು. ಮೊದಲಿದ್ದ ಸ್ಥಿತಿಗಿಂತ ಈಗಿನ ಸ್ಥಿತಿ ಹೆಚ್ಚು ಅಪಾಯಕಾರಿ ಎಂಬುದನ್ನು ನೇರವಾಗಿಯೇ ಹೇಳಬೇಕಾಗಿದೆ. ದಯವಿಟ್ಟು ಇಂದೇ ಮೇನ್ ಸ್ವಿಚ್ ಆರಿಸಿ, ಫ್ರಿಜ್ಜಿನ ಪ್ಲಗ್ ಕಿತ್ತು ಹೊರಗಿಡಿ. ಸಾಕೆಟ್ ಸರಿಯಾಗುವವರೆಗೆ ಅದನ್ನು ಮತ್ತೆ ಹಾಕಬೇಡಿ.

ಮೂರು ಪಿನ್ನಿನ ಸಾಕೆಟ್ಟನ್ನು ಎದುರಿನಿಂದ ನೋಡಿದಾಗ ಮೇಲಿನ ದೊಡ್ಡ ತೂತು ಅರ್ಥ್, ಬಲಗಡೆಯದು ವಿದ್ಯುತ್ತು ಬರುವ ಫೇಸ್, ಎಡಗಡೆಯದು ಅದು ಹಿಂದಿರುಗುವ ನ್ಯೂಟ್ರಲ್. ಫ್ರಿಜ್ಜಿನೊಳಗಿನ ಇನ್ಸುಲೇಷನ್ ಎಲ್ಲಾದರೂ ಸಡಿಲಗೊಂಡು ಸೋರುವ ವಿದ್ಯುತ್ತು ಯಾರ ಮೈಗೂ ತಾಗದೆ ಮಣ್ಣಿಗೆ ಹೋಗಲೆಂದೇ ಅದರ ಲೋಹದ ಮೈಯನ್ನು ಮೇಲಿನ ದಪ್ಪ ಪಿನ್ನಿಗೆ ಜೋಡಿಸಿರುತ್ತಾರೆ. ಹಳೆಯ ಮನೆಗಳ ವೈರಿಂಗ್‌ನಲ್ಲಿ ಅನೇಕ ಕಡೆ ಸಾಕೆಟ್ಟಿಗೆ ಎರಡೇ ತಂತಿ ಬಂದಿರುತ್ತವೆ. ಬಡವರ ಮನೆಗೆ ದೀಪ ಕೊಟ್ಟ ಭಾಗ್ಯಜ್ಯೋತಿ ಯೋಜನೆಯ ಕಾಲದಲ್ಲಿ ಒಂದು ಬಲ್ಬಿಗೆಂದು ಎಳೆದ ತಂತಿಯನ್ನೇ ಮುಂದುವರಿಸಿ ಮಿಕ್ಸಿಗೂ ಫ್ರಿಜ್ಜಿಗೂ ಕೊಟ್ಟ ಮನೆಗಳೂ ಇವೆ. ನಿಮ್ಮಲ್ಲಿ ಹಾಕಿರುವುದು, ಬಹುಮಟ್ಟಿಗೆ, ಎಡಗಡೆಯ ನ್ಯೂಟ್ರಲ್ ಸ್ಕ್ರೂವಿನಿಂದ ಮೇಲಿನ ಅರ್ಥ್ ಸ್ಕ್ರೂವಿಗೆ ಸೇರಿಸಿದ ತುಂಡು. ಸೋರಿಕೆ ಈಗ ನ್ಯೂಟ್ರಲ್ ಹಿಡಿದು ಹಿಂದಿರುಗುವುದರಿಂದ ಕೈ ಜುಮ್ಮೆನ್ನುವುದಿಲ್ಲ, ಟೆಸ್ಟರೂ ಹೊತ್ತುವುದಿಲ್ಲ.

ಆದರೆ ಮಳೆಗಾಲದ ಒಂದು ಗಾಳಿಗೆ ಕಂಬದಲ್ಲೋ ಮೀಟರ್ ಬಳಿಯ ಕಟ್‌ಔಟ್‌ನಲ್ಲೋ ನ್ಯೂಟ್ರಲ್ ತಂತಿಯ ಜೋಡಣೆ ಬಿಟ್ಟುಹೋಯಿತೆನ್ನಿ. ಆನ್ ಆಗಿರುವ ಬಲ್ಬು, ಫ್ಯಾನುಗಳ ಮೂಲಕ ಫೇಸ್ ಬಂದು ಮನೆಯೊಳಗಿನ ನ್ಯೂಟ್ರಲ್ ತಂತಿಯಲ್ಲಿ ನಿಲ್ಲುತ್ತದೆ. ಆ ತುಂಡು ತಂತಿಯ ಮೂಲಕ 230 ವೋಲ್ಟು ಫ್ರಿಜ್ಜಿನ ಮೈಗೆ ಬರುತ್ತದೆ. ಹೆಚ್ಚು ಕರೆಂಟ್ ಹರಿಯದ ಕಾರಣ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಆರುವ ಸ್ವಿಚ್) ಬೀಳುವುದಿಲ್ಲ, ಫ್ಯೂಸ್ ಹೋಗುವುದಿಲ್ಲ; ಕರೆಂಟ್ ಹೋಗಿದೆಯೆಂದುಕೊಂಡವರು ಬಾಗಿಲು ಮುಟ್ಟುತ್ತಾರೆ. ಕಂಬದಿಂದ ಮನೆಗೆ ಬರುವ ಸರ್ವಿಸ್ ತಂತಿ ಬದಲಿಸುವಾಗ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾದರೆ ಇನ್ನೂ ಕೆಟ್ಟದ್ದು: ಎಡಗಡೆಯ ಸ್ಕ್ರೂವಿಗೆ ನೇರವಾಗಿ ಫೇಸ್ ಬರುತ್ತದೆ, ಮತ್ತು ಸಾಕೆಟ್ಟಿನ ಸ್ವಿಚ್ ಇರುವುದು ಇನ್ನೊಂದು ತಂತಿಯ ಮೇಲಾದ್ದರಿಂದ ಸ್ವಿಚ್ ಆರಿಸಿದರೂ ಫ್ರಿಜ್ಜಿನ ಮೈಯಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ.

ತುಂಡು ತಂತಿ ಇದೆಯೇ ಎಂದು ನೀವೇ ನೋಡಬಹುದು. ಮೇನ್ ಸ್ವಿಚ್ ಆರಿಸಿ, ಮನೆಯಲ್ಲಿ ಯುಪಿಎಸ್ ಇದ್ದರೆ ಅದನ್ನೂ ಆರಿಸಿ. ಮೇನ್ ತೆಗೆದರೂ ಯುಪಿಎಸ್ ಸಾಕೆಟ್ಟಿಗೆ ವಿದ್ಯುತ್ತು ಕೊಡುತ್ತಿರಬಹುದು. ಆರಿಸುವ ಮೊದಲು ಟೆಸ್ಟರನ್ನು ಕೆಲಸ ಮಾಡುವ ಸಾಕೆಟ್ಟಿನಲ್ಲಿ ಇಟ್ಟು ಅದು ಹೊತ್ತುತ್ತದೆಂದು ಖಚಿತಪಡಿಸಿಕೊಳ್ಳಿ. ಆರಿಸಿದ ಮೇಲೆ ಮೂರೂ ತೂತುಗಳಲ್ಲಿ ಇಟ್ಟು ನೋಡಿ, ಅನಂತರವೇ ಪ್ಲೇಟ್ ಬಿಚ್ಚಿ. ಅರ್ಥ್ ಸ್ಕ್ರೂವಿಗೆ ಗೋಡೆಯೊಳಗಿಂದ ಹಸಿರು ತಂತಿ ಬಂದಿರಬೇಕು. ಪಕ್ಕದ ಸ್ಕ್ರೂವಿನಿಂದ ಬಂದ ತುಂಡು ಮಾತ್ರ ಇದ್ದರೆ ಆ ಸಾಕೆಟ್ಟಿಗೆ ಅರ್ಥಿಂಗ್ ಇಲ್ಲ. ಸ್ಕ್ರೂಗಳ ಸುತ್ತ ಪ್ಲಾಸ್ಟಿಕ್ ಕಂದಿದ್ದರೆ ಅಥವಾ ಕರಗಿದ್ದರೆ ಜೋಡಣೆ ಸಡಿಲವಾಗಿ ಬಿಸಿಯೇರಿದೆ ಎಂದರ್ಥ. ಅಂಥ ಸಾಕೆಟ್ಟನ್ನು ಬದಲಿಸಲೇಬೇಕು. ನೋಡುವ ಕೆಲಸ ನಿಮ್ಮದು. ಮುಂದಿನದನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡುವುದು ಒಳ್ಳೆಯದು. ಅವರಿಂದ ಏನು ಕೇಳಬೇಕೆಂಬುದು ಮಾತ್ರ ನಿಮಗೆ ತಿಳಿದಿರಲಿ.

ಮೊದಲನೆಯದು ಅರ್ಥ್ ಗುಂಡಿ. ಅಡಿಪಾಯದಿಂದ ಒಂದೂವರೆ ಮೀಟರಾದರೂ ದೂರದಲ್ಲಿ, ತೇವ ನಿಲ್ಲುವ ಜಾಗದಲ್ಲಿ, ಸುಮಾರು ಎರಡೂವರೆ ಮೀಟರ್ ಉದ್ದದ ಜಿಐ ಪೈಪನ್ನು ಹುಗಿದು, ಸುತ್ತ ಇದ್ದಿಲು ಮತ್ತು ಉಪ್ಪನ್ನು ಪದರಪದರವಾಗಿ ತುಂಬುವುದು ನಮ್ಮಲ್ಲಿ ರೂಢಿಯಲ್ಲಿರುವ ಕ್ರಮ. ಬಚ್ಚಲ ನೀರು ಹರಿಯುವ ಕಡೆ ಇದಕ್ಕೆ ಅನುಕೂಲ. ಬಯಲುಸೀಮೆಯ ಒಣ ಮಣ್ಣಿನಲ್ಲಿ ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುತ್ತಿರಬೇಕು. ಉಪ್ಪು ಪೈಪನ್ನೂ ಕ್ಲ್ಯಾಂಪನ್ನೂ ತಿನ್ನುವುದರಿಂದ ಆ ನಟ್-ಬೋಲ್ಟ್ ಜಾಗವನ್ನು ವರ್ಷಕ್ಕೊಮ್ಮೆ ನೋಡಬೇಕು. ಗುಂಡಿಯ ಬದಲು ನಲ್ಲಿಯ ಪೈಪಿಗೋ ಬೋರ್‌ವೆಲ್ ಕೇಸಿಂಗ್‌ಗೋ ತಂತಿ ಸುತ್ತುವುದನ್ನು ಒಪ್ಪಬೇಡಿ. ನಡುವೆ ಒಂದು ಪಿವಿಸಿ ತುಂಡು ಇದ್ದರೆ ಸೋರಿದ ವಿದ್ಯುತ್ತು ಮಣ್ಣಿಗೆ ಇಳಿಯದೆ ನಲ್ಲಿಯಲ್ಲೇ ನಿಲ್ಲುತ್ತದೆ. ಗುಂಡಿಯಿಂದ ಪ್ರತಿಯೊಂದು ಮೂರು ಪಿನ್ನಿನ ಸಾಕೆಟ್ಟಿಗೂ ಹಸಿರು ತಂತಿ ಎಳೆಯಬೇಕು. ಶ್ರಮದ ಕೆಲಸ ಇದೇ, ಜನ ಬಿಡುವುದೂ ಇದನ್ನೇ.

ಗುಂಡಿಯೊಂದೇ ಸಾಕೆಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಗುಂಡಿಯ ನಿರೋಧ, ಅಂದರೆ ಕರೆಂಟಿನ ಹರಿವಿಗೆ ಅದು ಒಡ್ಡುವ ತಡೆ, 20 ಓಮ್ ಇದೆಯೆಂದುಕೊಳ್ಳೋಣ; ಒಣ ಮಣ್ಣಿನಲ್ಲಿ ಇದೇನೂ ಹೆಚ್ಚಲ್ಲ. ಫೇಸ್ ತಂತಿ ನೇರವಾಗಿ ಫ್ರಿಜ್ಜಿನ ಮೈಗೆ ತಾಗಿದರೂ 230 ವೋಲ್ಟನ್ನು 20ರಿಂದ ಭಾಗಿಸಿದಷ್ಟು, ಅಂದರೆ 11.5 ಆಂಪಿಯರ್ ಮಾತ್ರ ಹರಿಯುತ್ತದೆ, 16 ಆಂಪಿಯರ್‌ನ ಎಂಸಿಬಿ ಅದಕ್ಕೆ ಬೀಳುವುದೇ ಇಲ್ಲ. ಆದ್ದರಿಂದ ಮೇನ್ ಪಕ್ಕದಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಸೋರಿಕೆ ಕಂಡರೆ ಕರೆಂಟ್ ಕಡಿಯುವ ಸ್ವಿಚ್) ಬೇಕೇ ಬೇಕು. ಫೇಸ್‌ನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ಅಷ್ಟೇ ಹಿಂದಿರುಗುತ್ತಿದೆಯೇ ಎಂದು ಅದು ಸದಾ ಹೋಲಿಸುತ್ತಿರುತ್ತದೆ. ವ್ಯತ್ಯಾಸ ಕಂಡೊಡನೆ ಸೆಕೆಂಡಿನ ಸಣ್ಣ ಭಾಗದಲ್ಲಿ ಕಡಿದುಬಿಡುತ್ತದೆ. ಅತಿಯಾದ ಲೋಡನ್ನು ಮಾತ್ರ ಅದು ತಡೆಯದು, ಹಾಗಾಗಿ ಎಂಸಿಬಿಯೂ ಇರಬೇಕು.

ಆ ತುಂಡು ತಂತಿಗಳನ್ನು ತೆಗೆಯದೆ ಆರ್‌ಸಿಸಿಬಿ ಹಾಕಿದರೆ ಇನ್ನೊಂದು ತೊಂದರೆ ಇದೆ. ಹೊಸ ಅರ್ಥ್ ತಂತಿಯೂ ಬಂದಿರುವ ಸಾಕೆಟ್ಟಿನಲ್ಲಿ ನ್ಯೂಟ್ರಲ್‌ನ ಒಂದು ಪಾಲು ಮಣ್ಣಿಗಿಳಿದು ಆರ್‌ಸಿಸಿಬಿ ಪದೇಪದೇ ಬೀಳುತ್ತದೆ, ಆಗ ಅದೇ ಕೆಟ್ಟಿದೆಯೆಂದು ತೆಗೆದುಹಾಕುತ್ತಾರೆ. ಅರ್ಥ್ ತಂತಿ ಬಾರದ ಸಾಕೆಟ್ಟಿನಲ್ಲಾದರೆ ಸೋರಿಕೆ ನ್ಯೂಟ್ರಲ್ ಮೂಲಕವೇ ಹಿಂದಿರುಗುವುದರಿಂದ ಆರ್‌ಸಿಸಿಬಿಗೆ ಅದು ಕಾಣುವುದೇ ಇಲ್ಲ. ಮನೆಯ ಸಾಕೆಟ್ಟುಗಳನ್ನೆಲ್ಲ ಬಿಚ್ಚಿ ತುಂಡುಗಳನ್ನು ತೆಗೆಸಿದ ಮೇಲೆಯೇ ಅದನ್ನು ಕೂರಿಸಿ.

ಕೆಲಸ ಮುಗಿದಾಗ ಎಲೆಕ್ಟ್ರಿಷಿಯನ್ ಅರ್ಥ್ ಟೆಸ್ಟರ್‌ನಿಂದ ಗುಂಡಿಯ ನಿರೋಧ ಅಳೆದು, ಆ ಅಂಕಿಯನ್ನು ಮೇನ್ ಬೋರ್ಡಿನ ಮೇಲೆ ದಿನಾಂಕದೊಂದಿಗೆ ಬರೆದು ಹೋಗಲಿ. ಆರ್‌ಸಿಸಿಬಿಯ ಮೇಲಿರುವ ಟೆಸ್ಟ್ ಬಟನ್ ಅನ್ನು ತಿಂಗಳಿಗೊಮ್ಮೆ ನೀವೇ ಒತ್ತಿ ನೋಡಿ. ಅದು ಬಿದ್ದರೆ ಆರ್‌ಸಿಸಿಬಿ ಸರಿಯಿದೆ ಎಂದಷ್ಟೇ ಅರ್ಥ. ಅರ್ಥಿಂಗ್ ಇಲ್ಲದ ಮನೆಯಲ್ಲೂ ಆ ಬಟನ್ ಕೆಲಸ ಮಾಡುತ್ತದೆ. ಬಲ್ಬುಗಳು ಒಮ್ಮೆ ಮಂಕಾಗಿ ಒಮ್ಮೆ ಪ್ರಖರವಾಗಿ ಉರಿಯತೊಡಗಿದರೆ ಸರ್ವಿಸ್ ತಂತಿಯ ನ್ಯೂಟ್ರಲ್ ಸಡಿಲಗೊಂಡಿರಬಹುದು: ಮೇನ್ ಆರಿಸಿ, 1912ಕ್ಕೆ ಕರೆ ಮಾಡಿ ಲೈನ್‌ಮನ್ ಬರುವವರೆಗೆ ಕಾಯಿರಿ.