ಸಂಶೋಧನೆಗೆ ಯಾರನ್ನು ಕರೆಯುತ್ತೇವೆ, ಯಾರನ್ನು ಬಿಡುತ್ತೇವೆ?

ಆಟಿಸಂ (ಮಾತು, ಜನರೊಡನೆ ಬೆರೆಯುವುದು ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ) ಬಗ್ಗೆ ಹೊಸ ಸಂಶೋಧನೆ ಅಂತ ಸುದ್ದಿ ಬಂದಾಗ ನಾವು ಫಲಿತಾಂಶವನ್ನು ಮಾತ್ರ ಓದುತ್ತೇವೆ. ಅದರಲ್ಲಿ ಭಾಗವಹಿಸಿದವರು ಯಾರು ಅಂತ ಕೇಳುವುದೇ ಇಲ್ಲ. 2016ರಲ್ಲಿ ಆಟಿಸಂ ಕುರಿತ ವಿಜ್ಞಾನ ಪತ್ರಿಕೆಗಳಲ್ಲಿ ಬಂದ ಅಧ್ಯಯನಗಳನ್ನೆಲ್ಲ ಒಂದು ತಂಡ ಒಟ್ಟಿಗೆ ಇಟ್ಟು ನೋಡಿತು. 2019ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ, ಭಾಗವಹಿಸಿದ ಆಟಿಸಂ ಇರುವವರಲ್ಲಿ ಶೇ 94ರಷ್ಟು ಮಂದಿಗೆ ಬೌದ್ಧಿಕ ಅಂಗವೈಕಲ್ಯ, ಅಂದರೆ ಕಲಿಯುವುದರಲ್ಲಿ ಮತ್ತು ಅರ್ಥಮಾಡಿಕೊಳ್ಳುವುದರಲ್ಲಿ ತುಂಬ ಹಿಂದುಳಿಯುವ ಸ್ಥಿತಿ, ಇರಲಿಲ್ಲ. ಆದರೆ ಆಟಿಸಂ ಇರುವವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಬೌದ್ಧಿಕ ಅಂಗವೈಕಲ್ಯವೂ ಇರುತ್ತದೆ ಎಂಬುದು ಸಾಮಾನ್ಯ ಅಂದಾಜು. ಮಾತು ಬಾರದವರು, ಪ್ರಶ್ನೆಪತ್ರಿಕೆ ಹಿಡಿದು ಕೂರಲಾಗದವರು ಹೊರಗೇ ಉಳಿದರು. ಹೆಚ್ಚು ನೆರವು ಬೇಕಾದವರ ಬಗ್ಗೆಯೇ ನಮಗೆ ಕಡಿಮೆ ಗೊತ್ತು.

ಕೊಡಗಿನಲ್ಲಿ ಆಟಿಸಂ, ಬೌದ್ಧಿಕ ಅಂಗವೈಕಲ್ಯ ಇರುವವರ ಬಗ್ಗೆ ಒಂದು ಅಧ್ಯಯನ ಮಾಡಬೇಕು ಅಂದುಕೊಳ್ಳಿ. ಸುಲಭದ ದಾರಿ ಎಲ್ಲರಿಗೂ ಗೊತ್ತು. ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕೂತು ಬಂದವರ ಹೆಸರು ಬರೆದುಕೊಳ್ಳುವುದು. ಜೊತೆಗೆ ಒಂದೆರಡು ವಿಶೇಷ ಶಾಲೆಗಳಿಗೆ ಹೋಗಿ ಬರುವುದು. ಪಟ್ಟಿ ಬೇಗ ತುಂಬುತ್ತದೆ. ತೊಂದರೆ ಅಲ್ಲೇ ಶುರು.

1946ರಲ್ಲಿ ಜೋಸೆಫ್ ಬರ್ಕ್‌ಸನ್ ಎಂಬ ಅಮೆರಿಕದ ವೈದ್ಯ ಮತ್ತು ಸಂಖ್ಯಾಶಾಸ್ತ್ರಜ್ಞ ಇದನ್ನು ಲೆಕ್ಕ ಹಾಕಿ ತೋರಿಸಿದರು. ಎರಡು ತೊಂದರೆ ಇರುವವರು ಒಂದೇ ತೊಂದರೆ ಇರುವವರಿಗಿಂತ ಆಸ್ಪತ್ರೆಗೆ ಬರುವ ಸಾಧ್ಯತೆ ಜಾಸ್ತಿ. ಕಲಿಕೆಯಲ್ಲಿ ಹಿಂದಿರುವ ಮಗುವಿಗೆ ಫಿಟ್ಸ್ ಕೂಡ ಬಂದರೆ ಅಪ್ಪ ಅಮ್ಮ ರಾತ್ರೋರಾತ್ರಿ ಜೀಪು ಹತ್ತಿಸುತ್ತಾರೆ. ಫಿಟ್ಸ್ ಇಲ್ಲದೆ, ಸುಮ್ನೆ ಮೂಲೆಯಲ್ಲಿ ಆಡಿಕೊಂಡಿರುವ ಮಗುವನ್ನು ಯಾರೂ ಕರೆತರುವುದಿಲ್ಲ. ಆಸ್ಪತ್ರೆಯ ಪಟ್ಟಿ ಮಾತ್ರ ನೋಡಿದವರಿಗೆ ಈ ಮಕ್ಕಳಲ್ಲಿ ಹೆಚ್ಚಿನವರಿಗೆ ಫಿಟ್ಸ್ ಇದೆ ಅನ್ನಿಸುತ್ತದೆ. ಫಿಟ್ಸ್ ಇವರಲ್ಲಿ ಬೇರೆಯವರಿಗಿಂತ ಹೆಚ್ಚು ಎಂಬುದು ನಿಜವೇ. ಆದರೆ ಎಷ್ಟು ಹೆಚ್ಚು ಅನ್ನುವುದನ್ನು ಆ ಪಟ್ಟಿ ಉಬ್ಬಿಸಿ ತೋರಿಸುತ್ತದೆ.

ಆ ಮೂಲೆಯ ಮಗು ಎಲ್ಲಿದೆ? ಸಿದ್ದಾಪುರದ ಕಡೆಯ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಇರಬಹುದು. ತಿತಿಮತಿಯ ಕಾಡಂಚಿನ ಆದಿವಾಸಿ ಹಾಡಿಯಲ್ಲಿ ಇರಬಹುದು. ಡಿಸೆಂಬರಿನಿಂದ ಕಾಫಿ ಕುಯ್ಲು. ಆಗ ಬೆಳಿಗ್ಗೆ ಹೋದರೆ ಮನೆಯಲ್ಲಿ ದೊಡ್ಡವರು ಯಾರೂ ಸಿಗುವುದಿಲ್ಲ. ಜೂನ್ ಬಂದರೆ ಮಳೆ, ರಸ್ತೆ ಇದ್ದರೆ ಉಂಟು. ಮಡಿಕೇರಿಗೆ ಬನ್ನಿ ಅಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. ಇನ್ನು ಭಾಷೆ. ಒಪ್ಪಿಗೆ ಪತ್ರ ಕನ್ನಡದಲ್ಲಿದ್ದರೆ ಮುಗಿಯಿತು ಅಂದುಕೊಳ್ಳುವಂತಿಲ್ಲ. ಮನೆಯಲ್ಲಿ ಆಡುವುದು ಎರವ ಭಾಷೆಯೋ, ಜೇನುಕುರುಬರ ಮಾತೋ, ಕೊಡವ ತಕ್ಕೋ, ಅರೆಭಾಷೆಯೋ, ಮಲಯಾಳವೋ. ಈಗ ಅಸ್ಸಾಮಿನಿಂದ ಬಂದ ಕುಟುಂಬಗಳೂ ಇವೆ.

ಈ ಮನೆಗಳನ್ನು ಬಲ್ಲವರು ಆಶಾ ಕಾರ್ಯಕರ್ತೆಯರು ಮತ್ತು ಅಂಗನವಾಡಿ ಟೀಚರ್‌ಗಳು. ಗ್ರಾಮ ಪಂಚಾಯ್ತಿಗಳಲ್ಲಿ ಅಂಗವಿಕಲರಿಗಾಗಿಯೇ ಕೆಲಸ ಮಾಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯೂ) ಇರುತ್ತಾರೆ. ಅವರೂ ಅಂಗವಿಕಲರೇ. ಅವರು ಜೊತೆಗೆ ಬಂದರೆ ಬಾಗಿಲು ತೆರೆಯುವ ರೀತಿಯೇ ಬೇರೆ. ನನ್ನ ಪ್ರಕಾರ ಇಂಥವರನ್ನು ದಾರಿ ತೋರಿಸಲು ಮಾತ್ರ ಕರೆದೊಯ್ಯಬಾರದು. ಯಾವ ಪ್ರಶ್ನೆ ಕೇಳಬೇಕು, ಯಾವ ಹೊತ್ತಿಗೆ ಹೋಗಬೇಕು ಅಂತ ಯೋಜನೆ ಬರೆಯುವಾಗಲೇ ಅವರು ಇರಬೇಕು.

ಆದರೆ ಇವರ ಜೊತೆ ಹೋಗುವುದರಲ್ಲೂ ಒಂದು ಅಪಾಯವಿದೆ. ಪಡಿತರ, ಪಿಂಚಣಿ, ಲಸಿಕೆ ಎಲ್ಲಕ್ಕೂ ಓಡಾಡುವ ಆಶಾ ಅಕ್ಕ "ಸಹಿ ಹಾಕಿ" ಅಂದರೆ ಯಾರು ಬೇಡ ಅಂತಾರೆ? ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಹೇಳಿ ಕಳಿಸಿದರಂತೂ ಮುಗಿದೇಹೋಯಿತು. ಹೀಗೆ ಸಿಕ್ಕಿದ್ದು ಒಪ್ಪಿಗೆಯಲ್ಲ. ಪರಿಚಯ ಮಾಡಿಕೊಡುವವರು ಬೇರೆ, ಒಪ್ಪಿಗೆ ಕೇಳುವವರು ಬೇರೆ ಆಗಿರಬೇಕು.

ಇಷ್ಟು ಎಚ್ಚರ ಯಾಕೆ ಅಂದರೆ ಹಿಂದೆ ಆದದ್ದು ಅಷ್ಟು ಕೆಟ್ಟದ್ದು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರಿಗೆಂದು ನಡೆಸುತ್ತಿದ್ದ ಫರ್ನಾಲ್ಡ್ ಶಾಲೆಯಲ್ಲಿ 1940 ಮತ್ತು 50ರ ದಶಕಗಳಲ್ಲಿ ಹುಡುಗರನ್ನು 'ವಿಜ್ಞಾನ ಕ್ಲಬ್' ಅಂತ ಸೇರಿಸಿಕೊಂಡು, ವಿಕಿರಣಶೀಲ ವಸ್ತು ಬೆರೆಸಿದ ಗಂಜಿ ತಿನ್ನಿಸಿದರು. ಪೋಷಕರಿಗೆ ಕಳಿಸಿದ ಪತ್ರದಲ್ಲಿ ವಿಕಿರಣದ ಮಾತೇ ಇರಲಿಲ್ಲ. ನ್ಯೂಯಾರ್ಕಿನ ಇಂಥದೇ ಸಂಸ್ಥೆ ವಿಲೋಬ್ರೂಕ್‌ನಲ್ಲಿ ಮಕ್ಕಳಿಗೆ ಬೇಕೆಂದೇ ಹೆಪಟೈಟಿಸ್ ಸೋಂಕು ತಗಲಿಸಿದರು. ಸಂಸ್ಥೆಯಲ್ಲಿ ಜಾಗ ಇಲ್ಲದಾಗಲೂ ಆ ಅಧ್ಯಯನಕ್ಕೆ ಒಪ್ಪಿದವರ ಮಕ್ಕಳಿಗೆ ಜಾಗ ಸಿಕ್ಕಿತು. ಬೇರೆ ದಾರಿ ಇಲ್ಲದ ತಾಯಿ ಏನು ಮಾಡಿಯಾಳು?

ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ವಿಷಯದಲ್ಲಿ ಗಟ್ಟಿಯಾಗಿಯೇ ಇದೆ. ಆ ವ್ಯಕ್ತಿಗೆ ಅರ್ಥವಾಗುವ ರೀತಿಯಲ್ಲಿ ಹೇಳಿ, ಆತನ ಸ್ವಂತ ಒಪ್ಪಿಗೆ ಪಡೆಯದೆ ಸಂಶೋಧನೆ ಮಾಡುವಂತಿಲ್ಲ. ಒಂದು ಸಮಿತಿಯ ಅನುಮತಿಯೂ ಬೇಕು. ಅದರಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಅಂಗವಿಕಲರು ಅಥವಾ ಅವರ ನೋಂದಾಯಿತ ಸಂಘಟನೆಗಳ ಸದಸ್ಯರಾಗಿರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಇನ್ನೊಂದು ಮಾತು ಸೇರಿಸುತ್ತದೆ. ಪೋಷಕರು ಸಹಿ ಹಾಕಿದರೂ ಏಳು ವರ್ಷ ದಾಟಿದ ಮಗುವನ್ನೂ ಕೇಳಬೇಕು.

ಕೇಳುವುದು ಹೇಗೆ? 1981ರಲ್ಲಿ ಕ್ಯಾರಲ್ ಸಿಗಲ್ಮನ್ ಮತ್ತು ಸಂಗಡಿಗರು ಬೌದ್ಧಿಕ ಅಂಗವೈಕಲ್ಯ ಇರುವವರ ಜೊತೆ ನಡೆಸಿದ ಸಂದರ್ಶನಗಳ ಬಗ್ಗೆ ಬರೆದರು. ಪ್ರಶ್ನೆ ಅರ್ಥವಾಗದಿದ್ದಾಗ ಬರುವ ಉತ್ತರ ಸಾಮಾನ್ಯವಾಗಿ 'ಹೌದು'. ಹೌದು ಅಂತ ಉತ್ತರ ಬಂದ ಪ್ರಶ್ನೆಯನ್ನೇ ಉಲ್ಟಾ ಮಾಡಿ ಕೇಳಿದರೂ 'ಹೌದು'. ಬದುಕಿಡೀ ಬೇರೆಯವರು ಹೇಳಿದ್ದಕ್ಕೆ ತಲೆಯಾಡಿಸಿ ಬಂದವರು ಅವರು. ಹಾಗಾಗಿ "ಬರ್ತೀಯಾ?" ಅಂತ ಕೇಳಿ "ಹೂಂ" ಅನ್ನಿಸಿಕೊಂಡರೆ ಸಾಲದು.

ಇಪ್ಪತ್ತು ವರ್ಷದ ಯುವಕನೊಬ್ಬನ ಮುಂದೆ ಎರಡು ಚಿತ್ರ ಇಡಿ. ಒಂದರಲ್ಲಿ ಮೇಡಂ ಜೊತೆ ಕೂತು ಬ್ಲಾಕ್ ಜೋಡಿಸುವುದು, ಇನ್ನೊಂದರಲ್ಲಿ ಮನೆಯ ಜಗಲಿ. ಎಲ್ಲಿಗೆ ಹೋಗೋಣ ಅಂತ ಕೇಳಿ. ಆತ ಬೆರಳಿಟ್ಟ ಮೇಲೆ ಚಿತ್ರಗಳ ಜಾಗ ಅದಲುಬದಲು ಮಾಡಿ ಮತ್ತೆ ಕೇಳಿ. ಬೆರಳು ಚಿತ್ರವನ್ನು ಹಿಂಬಾಲಿಸಿದರೆ ಅದು ಆಯ್ಕೆ. ಎರಡು ಸಲವೂ ಬಲಗಡೆಗೇ ಹೋದರೆ ಆತ ಇನ್ನೂ ಏನೂ ಆರಿಸಿಲ್ಲ. ನಾಳೆ ಬ್ಲಾಕ್ ಕೊಟ್ಟಾಗ ಕೈ ಹಿಂದಕ್ಕೆಳೆದುಕೊಂಡರೆ, ಮುಖ ತಿರುಗಿಸಿದರೆ, ಬಾಗಿಲ ಕಡೆ ನಡೆದರೆ ಅದು ಬೇಡ ಅಂತಲೇ. ಅಮ್ಮನ ಸಹಿ ಇದೆಯಲ್ಲ ಅಂತ ಮುಂದುವರಿಸುವಂತಿಲ್ಲ.

ಇದಕ್ಕೆಲ್ಲ ಸಮಯ ಬೇಕು, ದುಡ್ಡೂ ಬೇಕು. ಕಷ್ಟ ಅಂತಲೇ ಎಷ್ಟೋ ಅಧ್ಯಯನಗಳು ಇವರನ್ನು ಮೊದಲೇ ಕೈಬಿಡುತ್ತವೆ. ಡೌನ್ ಸಿಂಡ್ರೋಮ್ ಇರುವವರ ವಿಷಯ ನೋಡಿ. ಅವರಲ್ಲಿ 21ನೇ ವರ್ಣತಂತು ಒಂದು ಹೆಚ್ಚು. ಅಲ್ಜೈಮರ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಸೇರಿಕೊಳ್ಳುವ ಅಮೈಲಾಯ್ಡ್‌ನ ಮೂಲ ಪ್ರೋಟೀನ್ ತಯಾರಿಸುವ ಜೀನ್ ಇರುವುದೂ ಅದೇ ವರ್ಣತಂತುವಿನಲ್ಲಿ. ಹಾಗಾಗಿ ಆ ಕಾಯಿಲೆ ಅವರಿಗೆ ಬೇಗ ಬರುತ್ತದೆ, ಹೆಚ್ಚು ಜನರಿಗೂ ಬರುತ್ತದೆ. ಆದರೂ ಅಲ್ಜೈಮರ್ ಔಷಧಿಗಳ ಪ್ರಯೋಗದಿಂದ ಅವರನ್ನು ಬಹಳ ಕಾಲ ದೂರವೇ ಇಟ್ಟರು. ಇದು ನ್ಯಾಯವಲ್ಲ, ಒಳ್ಳೆಯ ವಿಜ್ಞಾನವೂ ಅಲ್ಲ.

ಮನೆಗೆ ಬಂದ ತಂಡದ ಹತ್ತಿರ "ಇದರಿಂದ ನಮ್ಮ ಮಗನಿಗೆ ವಾಸಿಯಾಗ್ತದಾ ಮೇಡಂ?" ಅಂತ ಅಮ್ಮ ಕೇಳಿಯೇ ಕೇಳುತ್ತಾರೆ. ಬರೀ ಮಾಹಿತಿ ಸಂಗ್ರಹಿಸುವ ಅಧ್ಯಯನವಾದರೆ "ಇಲ್ಲ" ಅಂತ ನೇರವಾಗಿ ಹೇಳಬೇಕು. ಸೇರದಿದ್ದರೂ ಪಿಂಚಣಿ ನಿಲ್ಲುವುದಿಲ್ಲ, ಆಸ್ಪತ್ರೆಯ ಚಿಕಿತ್ಸೆ ತಪ್ಪುವುದಿಲ್ಲ, ಮಧ್ಯದಲ್ಲಿ ಯಾವಾಗ ಬೇಕಾದರೂ ಬಿಡಬಹುದು ಅಂತಲೂ ಹೇಳಬೇಕು. ಕುಟುಂಬದವರು, ಸಂಶೋಧನೆಯ ರೀತಿ ಸರಿಯಿದೆಯೇ ಅಂತ ಪರಿಶೀಲಿಸುವ ನೈತಿಕ ಸಮಿತಿಯ ಅನುಮತಿ ಪತ್ರ ತೋರಿಸಿ ಅಂತ ಧೈರ್ಯವಾಗಿ ಕೇಳಬಹುದು. ತಮಗೆ ಕೊಡುವ ಹಾಳೆಯಲ್ಲಿ ಯಾರಿಗೆ ಫೋನ್ ಮಾಡಬೇಕು ಅಂತ ಬರೆದಿದೆಯೇ ನೋಡಿ, ಆ ಹಾಳೆಯನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕು.