ಬಸ್ಕಿ ಹೊಡೆಯುವಾಗ ಮನಸ್ಸು ಎಲ್ಲಿರಬೇಕು?

ನೆಲದ ಮೇಲೆ ಸಾಲಾಗಿ ಕೂತು ಎಲೆ ಊಟ ಮಾಡಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಊಟ ಮುಗಿದಾಗ ಬಲಗೈ ಎಂಜಲು, ಅದನ್ನು ನೆಲಕ್ಕೆ ಊರುವ ಹಾಗಿಲ್ಲ. ಎಡಗೈ ಪಂಚೆಯನ್ನೋ ಸೀರೆಯ ನೆರಿಗೆಯನ್ನೋ ಹಿಡಿದಿರುತ್ತದೆ. ಏಳುವುದಕ್ಕೆ ಉಳಿಯುವುದು ಕಾಲು ಮಾತ್ರ. ನಮ್ಮ ಅಜ್ಜಿ ಎಪ್ಪತ್ತು ದಾಟಿದ ಮೇಲೂ ದಿನಕ್ಕೆ ಎರಡು ಹೊತ್ತು ಹೀಗೇ ಎದ್ದು ಕೈ ತೊಳೆಯಲು ಹೋಗುತ್ತಿದ್ದರು. ಈಗ ಮನೆಯಲ್ಲೂ ಟೇಬಲ್ಲು, ಛತ್ರದಲ್ಲೂ ಟೇಬಲ್ಲು. ಕೊನೆಯ ಸಲ ಕೈ ಊರದೆ ನೆಲದಿಂದ ಎದ್ದದ್ದು ಯಾವಾಗ ಅಂತ ನೀವೇ ಒಮ್ಮೆ ನೆನಪು ಮಾಡಿಕೊಳ್ಳಿ.

ಬ್ರೆಜಿಲಿನ ರಿಯೊ ಡಿ ಜನೈರೋದ ವೈದ್ಯರೊಬ್ಬರು, ಕ್ಲಾಡಿಯೊ ಗಿಲ್ ಅರೌಜೊ, ಇದನ್ನೇ ಒಂದು ಪರೀಕ್ಷೆಯಾಗಿ ಮಾಡಿದರು. ಬರಿಗಾಲಲ್ಲಿ ನಿಂತು, ನೆಲದ ಮೇಲೆ ಕೂತು, ಮತ್ತೆ ಏಳಬೇಕು. ಕೂರುವುದಕ್ಕೆ 5 ಅಂಕ, ಏಳುವುದಕ್ಕೆ 5 ಅಂಕ. ಕೈ ಊರಿದರೆ ಒಂದು ಅಂಕ ಹೋಯಿತು, ಮಂಡಿ ಊರಿದರೆ ಇನ್ನೊಂದು, ಓಲಾಡಿದರೆ ಅರ್ಧ. 51ರಿಂದ 80 ವರ್ಷದ 2,002 ಜನರಿಗೆ ಈ ಪರೀಕ್ಷೆ ಮಾಡಿ, ಸುಮಾರು ಆರು ವರ್ಷ ಅವರ ಮೇಲೆ ಕಣ್ಣಿಟ್ಟು, 2012ರಲ್ಲಿ ಫಲಿತಾಂಶ ಪ್ರಕಟಿಸಿದರು. 8ರಿಂದ 10 ಅಂಕ ಪಡೆದವರಿಗಿಂತ, 0ಯಿಂದ 3 ಅಂಕ ಪಡೆದವರು ಆ ಅವಧಿಯಲ್ಲಿ ತೀರಿಕೊಂಡ ಸಾಧ್ಯತೆ ಐದು ಪಟ್ಟಿಗೂ ಜಾಸ್ತಿ ಇತ್ತು. ಹಾಗಂತ ನೆಲದಿಂದ ಎದ್ದರೆ ಆಯಸ್ಸು ಬೆಳೆಯುತ್ತದೆ ಅಂತ ಅರ್ಥ ಅಲ್ಲ. ಕಾಲಿನ ಬಲ, ಸಮತೋಲನ, ಕೀಲುಗಳ ಸಡಿಲ, ಮೈತೂಕ ಎಲ್ಲವನ್ನೂ ಆ ಒಂದು ಚಲನೆ ಒಟ್ಟಿಗೆ ತೋರಿಸಿಬಿಡುತ್ತದೆ, ಅಷ್ಟೇ.

ಕೈಯ ಹಿಡಿತವೂ ಹಾಗೇ. ಭಾರತವೂ ಸೇರಿ 17 ದೇಶಗಳ ಸುಮಾರು 1.4 ಲಕ್ಷ ಜನರ ಮುಷ್ಟಿಯ ಬಲ ಅಳೆದ ಅಧ್ಯಯನವೊಂದು 2015ರಲ್ಲಿ ಬಂತು. ಹಿಡಿತ 5 ಕೆ.ಜಿ. ಕಡಿಮೆ ಇದ್ದರೆ ಸಾವಿನ ಅಪಾಯ 16% ಜಾಸ್ತಿ ಕಂಡಿತು. ಬಿ.ಪಿ.ಯ ಮೇಲಿನ ಸಂಖ್ಯೆಗಿಂತ ಈ ಹಿಡಿತವೇ ಅಪಾಯವನ್ನು ಚೆನ್ನಾಗಿ ಸೂಚಿಸಿತ್ತು. ಬಿ.ಪಿ. ನೋಡದ ಕ್ಲಿನಿಕ್ ಇಲ್ಲ. ಮುಷ್ಟಿಯ ಬಲ ನೋಡುವ ಕ್ಲಿನಿಕ್ ಮಾತ್ರ ನಾನಿನ್ನೂ ಕಂಡಿಲ್ಲ.

ಇದೆಲ್ಲ ನಾನು ಹುಡುಕಿ ಓದಲು ಶುರು ಮಾಡಿದ್ದು ಅಮ್ಮನಿಂದಾಗಿ. ಹೋದ ವರ್ಷ ಜ್ವರ ಬಂದು ಹತ್ತು ದಿನ ಮಲಗಿದ್ದಳು. ಜ್ವರ ಬಿಟ್ಟಿತು, ಊಟ ಸೇರಿತು, ಮುಖದಲ್ಲಿ ಕಳೆ ಬಂತು. ಆದರೆ ದೇವರ ಮುಂದೆ ಮಣೆ ಹಾಕಿ ಕೂತವಳು ಏಳಲಾರದೆ ನನ್ನನ್ನು ಕೂಗಿದಳು. ವಯಸ್ಸಾಯ್ತಲ್ಲ, ಸುಸ್ತು ಇರುತ್ತೆ ಬಿಡು ಅಂದರು ಎಲ್ಲರೂ. ಸುಸ್ತಲ್ಲ ಅದು. 2007ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗವೊಂದರಲ್ಲಿ, ಸರಾಸರಿ 67 ವರ್ಷದ 12 ಆರೋಗ್ಯವಂತರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದರು. ಕಾಯಿಲೆ ಇಲ್ಲ, ಜ್ವರ ಇಲ್ಲ, ಸುಮ್ನೆ ಮಲಗಿದ್ದರು. ಹತ್ತು ದಿನದಲ್ಲಿ ಕಾಲುಗಳಿಂದ ಹೆಚ್ಚೂಕಡಿಮೆ ಒಂದು ಕೆ.ಜಿ. ಕೊಬ್ಬಿಲ್ಲದ ಮಾಂಸಖಂಡ ಕರಗಿತ್ತು. ಬಿಡದೆ ಮಲಗಿರುವುದಕ್ಕೆ ವಯಸ್ಸಾದ ದೇಹ ಕೊಡುವ ಬೆಲೆ ಇದು. ಜ್ವರಕ್ಕೆ ಮಾತ್ರೆ ಬರೆದ ಚೀಟಿಯಲ್ಲಿ ಕಾಲಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದು ನನಗೆ ಇವತ್ತಿಗೂ ಬೇಸರ.

ಮೂವತ್ತು ದಾಟಿದ ಮೇಲೆ ಸ್ನಾಯು ನಿಧಾನವಾಗಿ ಸವೆಯುತ್ತಾ ಹೋಗುತ್ತದೆ, ಅರವತ್ತಾದ ಮೇಲೆ ಇನ್ನೂ ಬೇಗ. ಈ ಸವೆತಕ್ಕೆ ಸಾರ್ಕೊಪೀನಿಯ ಅಂತ ಒಂದು ಹೆಸರು ಬೇಕಿತ್ತು ಎಂದು ವೈದ್ಯ ಲೋಕಕ್ಕೆ ಹೊಳೆದದ್ದೇ 1980ರ ದಶಕದ ಕೊನೆಯಲ್ಲಿ, ಇರ್ವಿನ್ ರೋಸೆನ್‌ಬರ್ಗ್ ಅದನ್ನು ಇಟ್ಟಾಗ. ಗ್ರೀಕಿನಲ್ಲಿ ಮಾಂಸದ ಬಡತನ ಅಂತ ಅರ್ಥ.

ಈ ಬಡತನ ನೀಗುತ್ತದೆಯೇ? ಬಾಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ ಮಾರಿಯಾ ಫಿಯಾಟರೋನ್ ಎಂಬ ವೈದ್ಯೆ ನಡೆಸಿದ, 1990ರಲ್ಲಿ ಪ್ರಕಟವಾದ ಪ್ರಯೋಗವನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ಹತ್ತು ಜನ, ವಯಸ್ಸು 86ರಿಂದ 96. ಜೋಪಾನವಾಗಿ ಕೂರಿಸಿ ಹಗುರ ವ್ಯಾಯಾಮ ಮಾಡಿಸುವುದೇ ಅಲ್ಲಿಯವರೆಗಿನ ರೂಢಿ. ಈಕೆ ಹಾಗೆ ಮಾಡಲಿಲ್ಲ. ಅವರು ಎತ್ತಬಲ್ಲ ಗರಿಷ್ಠ ತೂಕದ 80%ನಷ್ಟು ಭಾರವನ್ನು ಕಾಲಲ್ಲಿ ಎತ್ತಿಸಿದರು. ವಾರಕ್ಕೆ ಮೂರು ಸಲ, ಎಂಟು ವಾರ. ಪೂರ್ತಿ ಮುಗಿಸಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ 174% ಏರಿತು. ಇಬ್ಬರು ನಡೆಯುವಾಗ ಊರುಗೋಲು ಬಿಟ್ಟರು. ತೊಂಬತ್ತರ ವಯಸ್ಸಲ್ಲಿ!

ಈಗ ಅದೇ ಪ್ರಯೋಗದ ಇನ್ನೊಂದು ಸಂಖ್ಯೆ ನೋಡಿ. ಅವರ ತೊಡೆಯ ಸ್ನಾಯು ದಪ್ಪವಾದದ್ದು 9% ಮಾತ್ರ. ಬಲ 174%, ಮಾಂಸ 9%. ಮಿಕ್ಕ ಬಲ ಎಲ್ಲಿಂದ ಬಂತು?

ನರಗಳಿಂದ ಬಂತು. ಸ್ನಾಯು ತಾನಾಗಿ ಏನನ್ನೂ ಎತ್ತುವುದಿಲ್ಲ. ಬೆನ್ನುಹುರಿಯಲ್ಲೋ ಮೆದುಳಿನ ಬುಡದಲ್ಲೋ ಇರುವ ಒಂದೊಂದು ನರಕೋಶದ ಕೈಕೆಳಗೆ ಒಂದಷ್ಟು ಸ್ನಾಯು ಎಳೆಗಳಿರುತ್ತವೆ. ಕಣ್ಣು ತಿರುಗಿಸುವ ಸ್ನಾಯುವಿನಲ್ಲಿ ಬೆರಳೆಣಿಕೆಯಷ್ಟು, ತೊಡೆಯಂಥ ಕಡೆ ನೂರಾರು. ನರಕೋಶ ಕರೆದರೆ ಅದರ ಎಳೆಗಳೆಲ್ಲ ಒಟ್ಟಿಗೆ ಬಿಗಿಯುತ್ತವೆ. ಚಿಕ್ಕ ಕೆಲಸಕ್ಕೆ ಚಿಕ್ಕ ಗುಂಪುಗಳು ಮಾತ್ರ ಏಳುತ್ತವೆ. ಭಾರ ಹೆಚ್ಚಿದ ಹಾಗೆ ದೊಡ್ಡ ಗುಂಪುಗಳು ಒಂದೊಂದಾಗಿ ಸೇರಿಕೊಳ್ಳುತ್ತವೆ. ಜಾಸ್ತಿ ಬಲ ಇರುವುದು ಆ ದೊಡ್ಡ ಗುಂಪುಗಳಲ್ಲೇ. ವರ್ಷಗಟ್ಟಲೆ ಭಾರ ಎತ್ತದವರಲ್ಲಿ ಅವುಗಳಿಗೆ ಕರೆಯೇ ಹೋಗಿರುವುದಿಲ್ಲ. ಹೋದರೂ ಅರೆಬರೆ. ಅಷ್ಟೇ ಅಲ್ಲ, ತೊಡೆಯ ಮುಂದಿನ ಸ್ನಾಯು ಎಳೆಯುವಾಗ ಹಿಂದಿನ ಸ್ನಾಯುವೂ ಬಿಗಿದುಕೊಂಡು ಅದರ ವಿರುದ್ಧ ಜಗ್ಗುತ್ತಿರುತ್ತದೆ. ಅಭ್ಯಾಸದ ಮೊದಲ ಕೆಲವು ವಾರಗಳಲ್ಲಿ ಸರಿಹೋಗುವುದು ಹೆಚ್ಚಾಗಿ ಇದೇ ಕರೆಯುವ ಕೆಲಸ. ಮಾಂಸ ಬೆಳೆಯುವುದು ಆಮೇಲೆ.

ಅಯೋವಾ ವಿಶ್ವವಿದ್ಯಾಲಯದ ಯೂ ಮತ್ತು ಕೋಲ್ 1992ರಲ್ಲಿ ಇದನ್ನು ಬಹಳ ಚೆಂದವಾಗಿ ತೋರಿಸಿದರು. ಒಂದು ಗುಂಪಿಗೆ ಎಡಗೈ ಕಿರುಬೆರಳನ್ನು ಬಲವಾಗಿ ಆಚೆ ತಳ್ಳುವ ವ್ಯಾಯಾಮ, ವಾರಕ್ಕೆ ಐದು ಸಲ, ನಾಲ್ಕು ವಾರ. ಇನ್ನೊಂದು ಗುಂಪು ಬೆರಳನ್ನು ಅಲ್ಲಾಡಿಸದೆ, ಹಾಗೆ ತಳ್ಳುತ್ತಿದ್ದೇವೆ ಅಂತ ಮನಸ್ಸಿನಲ್ಲಿ ಅಂದುಕೊಳ್ಳಬೇಕು. ವ್ಯಾಯಾಮ ಮಾಡಿದವರ ಬಲ 30% ಏರಿತು. ಅಂದುಕೊಂಡವರದ್ದು 22%! ಏನೂ ಮಾಡದವರದ್ದು 4%ಗಿಂತ ಕಡಿಮೆ. ದೊಡ್ಡ ಸ್ನಾಯುಗಳಲ್ಲಿ ಫಲಿತಾಂಶ ಯಾವಾಗಲೂ ಇಷ್ಟು ಚೆನ್ನಾಗಿ ಬಂದಿಲ್ಲ, ಆದ್ದರಿಂದ ಕೂತಲ್ಲೇ ಯೋಚಿಸಿ ಪೈಲ್ವಾನ್ ಆಗಲು ಆಗುವುದಿಲ್ಲ. ಆದರೆ ಬಲದ ಒಂದು ಪಾಲು ತಲೆಯಿಂದ ಇಳಿದು ಬರುತ್ತದೆ ಎನ್ನುವುದು ಖಚಿತ. ಹಾಗಿದ್ದ ಮೇಲೆ ಫೋನಿನಲ್ಲಿ ವಿಡಿಯೊ ನೋಡುತ್ತಾ, ಎಣಿಕೆ ಮುಗಿದರೆ ಸಾಕು ಅಂತ ಬಸ್ಕಿ ಹೊಡೆಯುವುದಕ್ಕೂ ಗಮನವಿಟ್ಟು ಹೊಡೆಯುವುದಕ್ಕೂ ವ್ಯತ್ಯಾಸ ಇರಲೇಬೇಕು, ಅಲ್ವಾ?

ಇದೆ. ಆದರೆ ಗಮನ ಅಂದರೆ ಎಲ್ಲಿ ಗಮನ ಅನ್ನುವುದು ಮುಖ್ಯ. 2018ರಲ್ಲಿ ಬ್ರಾಡ್ ಶೋನ್‌ಫೆಲ್ಡ್ ಮತ್ತು ಸಂಗಡಿಗರು ಅಭ್ಯಾಸವಿಲ್ಲದ 30 ಯುವಕರಿಗೆ ಎಂಟು ವಾರ ತೂಕ ಎತ್ತಿಸಿದರು. ಅರ್ಧ ಜನರಿಗೆ "ಸ್ನಾಯುವನ್ನು ಹಿಂಡು" ಅಂತ ಹೇಳುತ್ತಿದ್ದರು, ಇನ್ನರ್ಧಕ್ಕೆ "ತೂಕವನ್ನು ಮೇಲಕ್ಕೆ ತಾ" ಅಂತ. ತೋಳಿನ ಸ್ನಾಯು ಮೊದಲ ಗುಂಪಿನಲ್ಲಿ 12.4% ದಪ್ಪವಾಯಿತು, ಎರಡನೆಯದರಲ್ಲಿ 6.9%. ತೊಡೆಯಲ್ಲಿ ಮಾತ್ರ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ. ಬಹುಶಃ ಕೈಯಷ್ಟು ಸೂಕ್ಷ್ಮವಾಗಿ ನಮಗೆ ತೊಡೆಯ ಅರಿವು ಇರುವುದಿಲ್ಲ. ಇನ್ನು ಭಾರ ತುಂಬಾ ಹೆಚ್ಚಾದರೆ ಈ ವ್ಯತ್ಯಾಸವೂ ಅಳಿಸಿಹೋಗುತ್ತದೆ, ಆಗ ದೇಹ ಇರುವುದನ್ನೆಲ್ಲ ಹೇಗೂ ಒಟ್ಟುಗೂಡಿಸುತ್ತಿರುತ್ತದೆ. ಸಮತೋಲನದ ಮಾತು ಬಂದಾಗ ವಿಷಯ ತಿರುಗಿಬಿಡುತ್ತದೆ. ಗೇಬ್ರಿಯೆಲ್ ವುಲ್ಫ್ ಎಂಬ ಸಂಶೋಧಕಿ 1990ರ ದಶಕದಿಂದ ಮತ್ತೆ ಮತ್ತೆ ತೋರಿಸಿರುವ ಪ್ರಕಾರ, ಬೀಳದೆ ನಿಲ್ಲಬೇಕಾದರೆ ಪಾದವನ್ನೇ ಯೋಚಿಸುತ್ತಾ ನಿಲ್ಲುವುದಕ್ಕಿಂತ ಹೊರಗಿನ ಗುರಿಯ ಮೇಲೆ ಮನಸ್ಸಿಡುವುದು ಮೇಲು. ತುಂಬಿದ ಕೊಡ ಹೊತ್ತವರ ಮನಸ್ಸು ನೀರು ತುಳುಕದ ಹಾಗೆ ನೋಡಿಕೊಳ್ಳುವುದರಲ್ಲಿ ಇರುತ್ತದೆ. ಹೆಜ್ಜೆ ತನ್ನ ಪಾಡಿಗೆ ತಾನು ಸರಿಹೋಗುತ್ತದೆ.

ನಮ್ಮಲ್ಲಿ ಇದಕ್ಕೆ ಹಳೆಯ ಜಾಗ ಇತ್ತು, ಗರಡಿ ಮನೆ. ಮೈಸೂರಿನ ಹಳೆ ಮೊಹಲ್ಲಾಗಳಲ್ಲಿ ಕೆಲವು ಇನ್ನೂ ಇವೆ. ಕೆಂಪು ಮಟ್ಟಿ, ದಂಡ, ಬಸ್ಕಿ, ಗದೆ. ಎಷ್ಟು ಭಾರ, ಎಷ್ಟು ಸಲ, ಯಾವತ್ತು ಏರಿಸಬೇಕು ಎಂದು ನೋಡಿ ಹೇಳಲು ಒಬ್ಬ ಉಸ್ತಾದ್. ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ವ್ಯಾಯಾಮಶಾಲೆ ಕಟ್ಟಿ ಒಂದು ತಲೆಮಾರಿಗೆ ಕಸರತ್ತು ಕಲಿಸಿದರು, ಜೊತೆಗೆ ಕನ್ನಡದಲ್ಲಿ ಕಾದಂಬರಿಯನ್ನೂ ಬರೆದರು. ಆದರೆ ಗರಡಿಯೊಳಗೆ ಹೆಂಗಸರಿಗೆ ಪ್ರವೇಶ ಇರಲಿಲ್ಲ. ಅವರ ಪಾಲಿಗೆ ಬಂದದ್ದು ಕೊಡ, ಒರಳು, ಬೀಸುವ ಕಲ್ಲು. ಅದೇ ವ್ಯಾಯಾಮ ಆಗ್ತಿತ್ತು, ಮಿಕ್ಸಿ ಬಂದು ಹಾಳಾಯಿತು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನೋವಿದ್ದರೂ ಬಸುರಿಯಾಗಿದ್ದರೂ ಹೊರಲೇಬೇಕಾದ ಭಾರ ಅದು. ವ್ಯಾಯಾಮದ ಭಾರವನ್ನು ನಾವು ಆರಿಸಿಕೊಳ್ಳುತ್ತೇವೆ, ಮೆಲ್ಲಗೆ ಏರಿಸುತ್ತೇವೆ, ನಡುವೆ ಒಂದು ದಿನ ಬಿಡುವು ಕೊಡುತ್ತೇವೆ.

ಅಮ್ಮನಿಗೆ ಬಸ್ಕಿ ಅಂದಾಗ ಅವಳು ಹೇಳಿದ್ದು, "ಗಣಪತಿ ಮುಂದೆ ಹೊಡೆದದ್ದು ಸಾಕಾಗಲಿಲ್ವೇನೋ, ಈಗ ನಿನ್ನ ಮುಂದೆ ಬೇರೆ." ವೈದ್ಯರ ಹತ್ತಿರ ಮಂಡಿ ತೋರಿಸಿಕೊಂಡು ಬಂದ ಮೇಲೆ ಶುರು ಮಾಡಿದೆವು. ಗೋಡೆಗೆ ಒತ್ತಿ ಇಟ್ಟ ಗಟ್ಟಿ ಕುರ್ಚಿ, ಅದರ ಮೇಲೆ ಎರಡು ದಿಂಬು. ಕೂರುವುದು, ಏಳುವುದು. ಏಳುವುದಕ್ಕಿಂತ ಕೂರುವುದರ ಮೇಲೆ ನಾನು ಜಾಸ್ತಿ ಒತ್ತು ಕೊಟ್ಟೆ. ಇಳಿಯುವಾಗ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯುತ್ತದೆ, ಆ ಹೊತ್ತಿನಲ್ಲೇ ಅದಕ್ಕೆ ಹೆಚ್ಚು ಭಾರ ತಾಳುವ ಶಕ್ತಿ. ಎದ್ದು ನಿಲ್ಲಲಾಗದವರೂ ನಿಧಾನವಾಗಿ ಇಳಿಯಬಲ್ಲರು, ಬಲ ಅಲ್ಲಿಂದ ಶುರುವಾಗಬಹುದು. ಒಂದು, ಎರಡು, ಮೂರು, ನಾಲ್ಕು ಎಣಿಸುತ್ತಾ ಇಳಿ, ತೊಡೆ ಎಲ್ಲಿ ಬಿಗಿಯುತ್ತೆ ನೋಡು, ಎರಡು ಪಾದದ ಮೇಲೂ ಸಮ ತೂಕ ಇದೆಯಾ ನೋಡು, ಇಷ್ಟೇ ನಾನು ಹೇಳುತ್ತಿದ್ದದ್ದು. ಮೂರನೆಯ ದಿನ ಅವಳೇ ಹೇಳಿದಳು, ಎಡಗಾಲು ಕೆಲಸಗಳ್ಳ, ಎಲ್ಲಾ ಬಲಗಾಲಿನ ಮೇಲೇ ಹಾಕ್ತಿದೆ ಅಂತ. ಪಕ್ಕದಲ್ಲೇ ನಿಂತಿದ್ದ ನನಗೆ ಅದು ಕಂಡಿರಲಿಲ್ಲ. ಗಮನವಿಟ್ಟು ಮಾಡುವುದರ ಲಾಭ ಅಂದರೆ ಇದೇ.

ಉಸಿರು ಇನ್ನೊಂದು ವಿಷಯ. ಭಾರ ಬಂದಾಗ ನಾವು ಗೊತ್ತಿಲ್ಲದೆಯೇ ಉಸಿರು ಬಿಗಿಹಿಡಿಯುತ್ತೇವೆ. 1985ರಲ್ಲಿ ಕೆನಡಾದ ಮ್ಯಾಕ್‌ಡೂಗಲ್ ಮತ್ತು ಸಂಗಡಿಗರು ರಕ್ತನಾಳದೊಳಗೇ ಮಾಪಕ ಇಟ್ಟು ಅಳೆದಾಗ, ಕಾಲಲ್ಲಿ ಭಾರಿ ತೂಕ ತಳ್ಳುತ್ತಿದ್ದ ದೇಹದಾರ್ಢ್ಯ ಪಟುವೊಬ್ಬನ ಬಿ.ಪಿ. ಆ ಕ್ಷಣಕ್ಕೆ 480/350 ದಾಟಿತ್ತು. ಅದು ತುದಿಯ ಉದಾಹರಣೆ, ಮನೆಯಲ್ಲಿ ಕುರ್ಚಿಯಿಂದ ಏಳುವವರಿಗೆ ಹಾಗಾಗುವುದಿಲ್ಲ. ಆದರೂ ಬಿ.ಪಿ. ಇರುವವರು ಏಳುವಾಗ ಉಸಿರು ಬಿಡುತ್ತಾ ಏಳಬೇಕು. ಎಣಿಕೆಯನ್ನು ಗಟ್ಟಿಯಾಗಿ ಬಾಯಲ್ಲಿ ಹೇಳಿದರೆ ಸಾಕು, ಉಸಿರು ಕಟ್ಟಲು ಆಗುವುದೇ ಇಲ್ಲ.

ಎಷ್ಟು ಭಾರ? ಹತ್ತು-ಹನ್ನೆರಡು ಸಲ ಮಾಡಿದಾಗ ಇನ್ನು ಎರಡೋ ಮೂರೋ ಆಗಬಹುದು, ಅದಕ್ಕಿಂತ ಜಾಸ್ತಿ ಆಗದು ಅನ್ನಿಸಬೇಕು. ಸುಲಭವಾಯಿತೇ, ಒಂದು ದಿಂಬು ತೆಗೆಯಿರಿ. ಆಮೇಲೆ ಎರಡು ಕೈಯಲ್ಲಿ ಒಂದೊಂದು ಲೀಟರ್ ನೀರಿನ ಬಾಟಲಿ. ಹಗುರ ಭಾರವನ್ನೂ ಸ್ನಾಯು ದಣಿಯುವವರೆಗೆ ಎತ್ತಿದರೆ ಹೆಚ್ಚುಕಡಿಮೆ ಭಾರಿ ತೂಕದಷ್ಟೇ ಬೆಳೆಯುತ್ತದೆ ಎಂದು ಕೆನಡಾದ ಸ್ಟುವರ್ಟ್ ಫಿಲಿಪ್ಸ್ ತಂಡ ತೋರಿಸಿದೆ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲದ ವ್ಯಾಯಾಮ, 65 ದಾಟಿದವರಿಗೆ ಸಮತೋಲನವೂ ಸೇರಿ ಮೂರು ದಿನ. ದಿನಾ ವಾಕಿಂಗ್ ಹೋಗ್ತೀನಲ್ಲ ಅನ್ನುವವರು ತುಂಬಾ ಜನ. ವಾಕಿಂಗ್ ಹೃದಯಕ್ಕೆ ಒಳ್ಳೆಯದು, ಬಿಡಲೇಬೇಡಿ. ಆದರೆ ಆ ದೊಡ್ಡ ಗುಂಪಿನ ಎಳೆಗಳಿಗೆ ಸಮತಟ್ಟು ರಸ್ತೆಯ ನಡಿಗೆಯಲ್ಲಿ ಕರೆ ಹೋಗುವುದು ಬಹಳ ಕಡಿಮೆ.

ನಮ್ಮವರಿಗೆ ಇದು ಯಾಕೆ ಇನ್ನಷ್ಟು ಮುಖ್ಯ ಅಂದರೆ, ಸಕ್ಕರೆ. 2023ರ ಐ.ಸಿ.ಎಂ.ಆರ್. (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಅಂದಾಜಿನಲ್ಲಿ ದೇಶದಲ್ಲಿ 10.1 ಕೋಟಿ ಜನರಿಗೆ ಡಯಾಬಿಟಿಸ್ ಇದೆ. ಇನ್ಸುಲಿನ್ ಹೇಳಿದಾಗ ರಕ್ತದ ಸಕ್ಕರೆಯನ್ನು ಅತಿ ಹೆಚ್ಚು ಒಳಗೆಳೆದುಕೊಳ್ಳುವುದು ಸ್ನಾಯುಗಳೇ. ಅಷ್ಟೇ ಅಲ್ಲ, ಸ್ನಾಯು ಬಿಗಿದು ದುಡಿಯುವಾಗ ಇನ್ಸುಲಿನ್ ಹೇಳದಿದ್ದರೂ ಸಕ್ಕರೆಯ ಬಾಗಿಲು ತೆರೆದುಕೊಳ್ಳುತ್ತದೆ. ಪುಣೆಯ ಡಾ. ಯಾಜ್ಞಿಕ್ 2004ರಲ್ಲಿ ತಮ್ಮದೇ ಫೋಟೋವನ್ನು ಬ್ರಿಟನ್ನಿನ ಸ್ನೇಹಿತ ಡಾ. ಯುಡ್ಕಿನ್ ಅವರ ಜೊತೆ ಪ್ರಕಟಿಸಿದರು. ಇಬ್ಬರದ್ದೂ ಬಿ.ಎಂ.ಐ., ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 22.3. ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು 9.1%, ಯಾಜ್ಞಿಕ್ ಅವರ ಮೈಯಲ್ಲಿ 21.2%. ತೆಳ್ಳಗೆ ಕಾಣುವ ನಮ್ಮೊಳಗೆ ಕೊಬ್ಬು ಜಾಸ್ತಿ, ಸ್ನಾಯು ಕಡಿಮೆ. ಮೊದಲೇ ಕಡಿಮೆ ಇದ್ದದ್ದರಲ್ಲಿ ವಯಸ್ಸು ಇನ್ನಷ್ಟು ಕಳೆಯುತ್ತದೆ. ಊಟದ ಮಾತು ಇಲ್ಲಿ ಚಿಕ್ಕದಾಗಿ: ಅನ್ನ-ಸಾರಿನ ಜೊತೆ ಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ ಮೀನು ಸೇರಲಿ. ಸ್ನಾಯು ಕಟ್ಟಲು ಪ್ರೋಟೀನ್ ಬೇಕು.

ಅಮ್ಮನ ದಿಂಬುಗಳು ಎರಡನೇ ತಿಂಗಳಲ್ಲಿ ಹೋದವು. ಕುರ್ಚಿಯಿಂದ ಕಾಲುಮಣೆಗೆ, ಕಾಲುಮಣೆಯಿಂದ ದೇವರ ಮುಂದಿನ ಮಣೆಗೆ ಇಳಿದದ್ದಕ್ಕೆ ಏಳು ತಿಂಗಳು ಹಿಡಿಯಿತು. ಮೊದಲು ಏಳುವಾಗ ಎರಡು ಕೈ, ಒಂದು ಮಂಡಿ ಬೇಕಿತ್ತು. ಈಗ ಎಡಗೈ ಒಂದೇ ಊರುತ್ತಾಳೆ. ಕೂರುವಾಗ ಕೊನೆಯ ನಾಲ್ಕು ಬೆರಳಿನಷ್ಟು ಎತ್ತರ ಇನ್ನೂ ಹಿಡಿತಕ್ಕೆ ಸಿಕ್ಕಿಲ್ಲ, ಧೊಪ್ಪನೆ ಕೂತುಬಿಡುತ್ತಾಳೆ. ಈ ವಾರ ಅದರ ಮೇಲೇ ಕೆಲಸ ನಡೆದಿದೆ, ಸೋಮವಾರ, ಬುಧವಾರ, ಶುಕ್ರವಾರ, ಕಾಫಿಗೆ ಮುಂಚೆ.