ಆರು ಮ್ಯಾಚಿನ ಟೂರ್ನಿ, ಒಬ್ಬ ಗೋಲ್‌ಕೀಪರ್: ಐಸ್ ಹಾಕಿಯ ಮುಗಿಯದ ಜಗಳದ ಹಿನ್ನೆಲೆ

ಒಲಿಂಪಿಕ್ಸ್ ಇರ್ಲಿ, ವರ್ಲ್ಡ್ ಚಾಂಪಿಯನ್‌ಶಿಪ್ ಇರ್ಲಿ, ಐಸ್ ಹಾಕಿ ಟೀಮ್ ಅನೌನ್ಸ್ ಆದ ದಿನವೇ ಒಂದು ಜಗಳ ಶುರುವಾಗುತ್ತೆ. ಗೋಲ್‌ಕೀಪರ್ ಒಳ್ಳೆಯವನಿದ್ರೆ ಸಾಕು, ಸಣ್ಣ ಟೂರ್ನಿ ತಾನೆ, ಅವನೊಬ್ನೇ ಗೆಲ್ಲಿಸ್ತಾನೆ ಅಂತ ಕೆಲವರು. ಅದೆಲ್ಲ ಲಕ್ಕು, ಮುಂದೆ ಆಡೋರು ಗಟ್ಟಿ ಇದ್ರೆ ಗೋಲಲ್ಲಿ ಯಾರು ನಿಂತ್ರೂ ನಡೆಯುತ್ತೆ ಅಂತ ಇನ್ನು ಕೆಲವರು. ಇಬ್ಬರ ಹತ್ರಾನೂ ಉದಾಹರಣೆಗಳು ಬೇಕಾದಷ್ಟಿವೆ, ಅದಕ್ಕೇ ಈ ವಾದ ಇಷ್ಟು ವರ್ಷ ಆದ್ರೂ ಮುಗಿದಿಲ್ಲ.

ಮೊದ್ಲು ಲೆಕ್ಕ ನೋಡೋಣ, ಇದು ಅರ್ಥ ಆದ್ರೆ ಉಳಿದಿದ್ದೆಲ್ಲ ಸಲೀಸು. ಐಸ್ ಹಾಕಿ ಗೋಲು ಆರಡಿ ಅಗಲ, ನಾಲ್ಕಡಿ ಎತ್ತರ ಅಷ್ಟೇ, ನಮ್ಮ ಫೀಲ್ಡ್ ಹಾಕಿ ಗೋಲಿಗಿಂತ ತುಂಬಾ ಚಿಕ್ಕದು, ಅದರ ಮುಂದೆ ಪ್ಯಾಡು ಕಟ್ಕೊಂಡು ನಿಂತವನು ಅರ್ಧ ಜಾಗ ತಾನೇ ತುಂಬಿಬಿಡ್ತಾನೆ. ಒಂದು ಮ್ಯಾಚಲ್ಲಿ ಅವನ ಕಡೆ ಹೆಚ್ಚುಕಡಿಮೆ 30 ಶಾಟ್ ಬರುತ್ತೆ ಅಂತ ಇಟ್ಕೊಳ್ಳಿ, ಆರು ಮ್ಯಾಚಿಗೆ 180. ದೊಡ್ಡ ಲೀಗಿನ ಸಾಧಾರಣ ಕೀಪರ್ ನೂರಕ್ಕೆ 90-91 ತಡೀತಾನೆ, 91 ಅಂತ ಇಟ್ಕೊಂಡ್ರೆ ಟೂರ್ನಿಗೆ 16 ಗೋಲು ಬಿಡ್ತಾನೆ. ಅದೇ ಮನುಷ್ಯ ಆ ಎರಡು ವಾರ ನೂರಕ್ಕೆ 95 ತಡೆದ್ರೆ ಬಿಡೋದು ಬರೀ 9. ಏಳು ಗೋಲಿನ ವ್ಯತ್ಯಾಸ, ಮ್ಯಾಚಿಗೆ ಒಂದಕ್ಕಿಂತ ಜಾಸ್ತಿ, ನಾಕೌಟ್ ಮ್ಯಾಚುಗಳು ಎಷ್ಟೋ ಸಲ ಒಂದೇ ಗೋಲಲ್ಲಿ ತೀರ್ಮಾನ ಆಗೋದು. ಹಾಗಾಗಿ ಗೋಲ್‌ಕೀಪರ್ ಮುಖ್ಯ ಅನ್ನೋದ್ರಲ್ಲಿ ಅನುಮಾನ ಇಲ್ಲ.

ಆದ್ರೆ ಇದೇ ಲೆಕ್ಕಕ್ಕೆ ಇನ್ನೊಂದು ಮುಖ ಇದೆ, ಅದನ್ನ ಜನ ಬಿಟ್ಟುಬಿಡ್ತಾರೆ. ನೂರಕ್ಕೆ 91 ತಡೆಯೋ ಕೀಪರ್ 180 ಶಾಟಲ್ಲಿ ಬರೀ ಅದೃಷ್ಟದ ಏರುಪೇರಿಂದಲೇ ಒಂದ್ಸಲ 12 ಬಿಡಬಹುದು, ಇನ್ನೊಂದ್ಸಲ 20 ಬಿಡಬಹುದು, ಆಟ ಅದೇ, ಮನುಷ್ಯನೂ ಅದೇ. 12 ಬಿಟ್ರೆ ಹೊತ್ತು ಮೆರೆಸ್ತೀವಿ, 20 ಬಿಟ್ರೆ ಗೂಬೆ ಕೂರಿಸ್ತೀವಿ. ಎನ್‌ಎಚ್‌ಎಲ್ (ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಲೀಗ್) ತರ 80ಕ್ಕೂ ಹೆಚ್ಚು ಮ್ಯಾಚಿರೋ ಕಡೆಯಾದ್ರೆ ಸಾವಿರಾರು ಶಾಟ್ ಸೇರಿ ಈ ಏರುಪೇರು ತಾನಾಗೇ ಸಮ ಆಗುತ್ತೆ, ಆರು ಮ್ಯಾಚಲ್ಲಿ ಸಮ ಆಗೋಕೆ ಟೈಮೇ ಇಲ್ಲ.

ಇತಿಹಾಸಕ್ಕೆ ಬಂದ್ರೆ, 1920ರಲ್ಲಿ ಆಂಟ್‌ವರ್ಪ್‌ನಲ್ಲಿ ಶುರುವಾದ ಒಲಿಂಪಿಕ್ ಐಸ್ ಹಾಕಿಯಲ್ಲಿ ಮೊದ್ಲು ಕೆನಡಾ ಎಲ್ಲರನ್ನೂ ತೊಳೀತಿತ್ತು, 1936ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಜಿಮ್ಮಿ ಫೋಸ್ಟರ್ ಗೋಲಲ್ಲಿ ನಿಂತು ಬ್ರಿಟನ್‌ಗೆ ಚಿನ್ನ ಬರೋ ಹಾಗೆ ಮಾಡಿದ್ರು, ಆಮೇಲೆ ಸೋವಿಯತ್ ಯುಗ, ಅವರ ಕೀಪರ್ ಟ್ರೆಟ್ಯಾಕ್ ಯುಗ. 1980ರಲ್ಲಿ ಲೇಕ್ ಪ್ಲ್ಯಾಸಿಡ್‌ನಲ್ಲಿ ಅಮೆರಿಕದ ಕಾಲೇಜು ಹುಡುಗರು ಸೋವಿಯತ್ ಟೀಮನ್ನ 4-3ರಲ್ಲಿ ಸೋಲಿಸಿದ ಕಥೆ ಎಲ್ಲರಿಗೂ ಗೊತ್ತು, ಆದ್ರೆ ಅವತ್ತು ಸೋವಿಯತ್ 39 ಶಾಟ್ ಹೊಡೆದ್ರೆ ಅಮೆರಿಕ ಹೊಡೆದಿದ್ದು 16 ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ, ಅಮೆರಿಕದ ಕೀಪರ್ ಜಿಮ್ ಕ್ರೇಗ್ 36 ತಡೆದ್ರು. ಆ ಕಡೆ ಮೊದಲನೇ ಪೀರಿಯಡ್ (ಮ್ಯಾಚಿನ ಮೂರು ಭಾಗಗಳಲ್ಲಿ ಒಂದು) ಮುಗಿಯೋಕೆ ಒಂದೇ ಸೆಕೆಂಡ್ ಇದ್ದಾಗ ಗೋಲು ಬಿದ್ದಿದ್ದಕ್ಕೆ ಟ್ರೆಟ್ಯಾಕ್ ಅವರನ್ನೇ ಹೊರಗೆ ಕೂರಿಸಿದ್ರು. ಜಗತ್ತಿನ ಬೆಸ್ಟ್ ಅನ್ನಿಸಿಕೊಂಡವರನ್ನ 20 ನಿಮಿಷದ ಆಟ ನೋಡಿ ಬೆಂಚಿಗೆ ಕಳಿಸೋದು ಅಂದ್ರೆ ಸಣ್ಣ ಟೂರ್ನಿಯ ಒತ್ತಡ ಎಂಥದ್ದು ಅಂತ ನೀವೇ ಯೋಚಿಸಿ.

ಇಲ್ಲೊಂದು ವಿಷಯ ಗಮನಿಸ್ಬೇಕು. 1980ರ ಆ ಮ್ಯಾಚ್ ಫೈನಲ್ ಅಲ್ಲ. ಆಗ ಪದಕ ಸಿಗ್ತಿದ್ದಿದ್ದು ರೌಂಡ್ ರಾಬಿನ್ ಲೆಕ್ಕದಲ್ಲಿ, ಅಮೆರಿಕ ಅದಾದ್ಮೇಲೆ ಫಿನ್ಲೆಂಡನ್ನೂ ಸೋಲಿಸಿ ಚಿನ್ನ ತಗೊಳ್ತು. ಒಂದು ಮ್ಯಾಚ್ ಕೆಟ್ರೆ ಇನ್ನೊಂದರಲ್ಲಿ ಸರಿ ಮಾಡ್ಕೊಳ್ಳೋ ಅವಕಾಶ ಇತ್ತು. 1992ರ ಆಲ್ಬರ್ಟ್‌ವಿಲ್‌ನಿಂದ ಕ್ವಾರ್ಟರ್‌ಫೈನಲ್, ಸೆಮಿ, ಫೈನಲ್ ಅಂತ ನಾಕೌಟ್ ಬಂತು, ಟೈ ಆದ್ರೆ ಶೂಟೌಟ್ (ಒಬ್ಬೊಬ್ಬರೇ ಬಂದು ಕೀಪರ್ ಎದುರು ಹೊಡೆಯೋದು) ಬಂತು. ನನ್ನ ಪ್ರಕಾರ ಗೋಲ್‌ಕೀಪರ್ ಮೇಲೆ ಇಡೀ ದೇಶದ ಭಾರ ಬಿದ್ದಿದ್ದು ಆ ವರ್ಷದಿಂದಲೇ. ಆ ಮೊದಲ ನಾಕೌಟ್‌ನಲ್ಲೇ ಕೆನಡಾ–ಜರ್ಮನಿ ಕ್ವಾರ್ಟರ್‌ಫೈನಲ್ ಶೂಟೌಟಿಗೆ ಹೋಯ್ತು, ಜರ್ಮನಿಯ ಪೀಟರ್ ಡ್ರೈಸೈಟಲ್ (ಈಗಿನ ಸ್ಟಾರ್ ಲಿಯೋನ್ ಡ್ರೈಸೈಟಲ್ ಅವರ ಅಪ್ಪ) ಹೊಡೆದ ಪಕ್ (ಚೆಂಡಿನ ಬದಲು ಬಳಸೋ ರಬ್ಬರ್ ಬಿಲ್ಲೆ) ಕೆನಡಾ ಕೀಪರ್ ಶಾನ್ ಬರ್ಕ್ ಕಾಲಿನ ಮಧ್ಯೆ ನುಸುಳಿ ಮೆಲ್ಲಗೆ ಉರುಳ್ಕೊಂಡು ಹೋಗಿ ಗೋಲ್ ಲೈನ್ ಮೇಲೇ ನಿಂತುಬಿಡ್ತು. ದಾಟ್ಲಿಲ್ಲ. ಕೆನಡಾ ಸೆಮಿಗೆ ಹೋಯ್ತು, ಕೊನೆಗೆ ಬೆಳ್ಳಿ ತಗೊಳ್ತು. ಅಲ್ಲಿ ಬರ್ಕ್ ಅವರ ಪಾಲೆಷ್ಟು, ಐಸಿನ ಪಾಲೆಷ್ಟು ಅಂತ ಯಾರು ಹೇಳೋಕಾಗುತ್ತೆ?

ಎರಡೇ ವರ್ಷಕ್ಕೆ ಲಿಲ್ಲೆಹ್ಯಾಮರ್. ಫೈನಲ್ಲೇ ಶೂಟೌಟ್. ಸ್ವೀಡನ್‌ನ ಫೋರ್ಸ್‌ಬರ್ಗ್ ಹೊಡೆದ ಆ ಒಂದು ಕೈಯ ಗೋಲು ಅಂಚೆ ಚೀಟಿಯಾಯ್ತು, ಆದ್ರೆ ಆಮೇಲೆ ಕೆನಡಾದ ಪಾಲ್ ಕರಿಯ ಹೊಡೆತ ತಡೆದು ಚಿನ್ನ ಖಾತ್ರಿ ಮಾಡಿದ್ದು ಕೀಪರ್ ಟಾಮಿ ಸಾಲೊ. ಈ ಹೆಸರು ನೆನಪಲ್ಲಿಟ್ಕೊಳ್ಳಿ.

ಈಗ 1998, ನಗಾನೊ. ಎನ್‌ಎಚ್‌ಎಲ್ ಲೀಗ್ ನಿಲ್ಲಿಸಿ ತನ್ನ ಆಟಗಾರರನ್ನ ಕಳಿಸಿದ ಮೊದಲ ಒಲಿಂಪಿಕ್ಸ್. ಜೆಕ್ ಟೀಮಲ್ಲಿ ಸುಮಾರು ಅರ್ಧ ಜನ ಯುರೋಪಿನ ಲೀಗಲ್ಲಿ ಆಡೋರು, ಎದುರಿಗೆ ಐಸ್ ಹಾಕಿಯ ಅತಿ ದೊಡ್ಡ ಸ್ಟಾರ್ ಗ್ರೆಟ್ಸ್ಕಿ ಇರೋ ಕೆನಡಾ. ಸೆಮಿಫೈನಲ್ಲಲ್ಲಿ ಜೆಕ್ 1-0 ಮುಂದಿತ್ತು, ಒಂದು ನಿಮಿಷ ಚಿಲ್ಲರೆ ಬಾಕಿ ಇದ್ದಾಗ ಟ್ರೆವರ್ ಲಿಂಡೆನ್ ಸಮ ಮಾಡಿದ್ರು, ಹತ್ತು ನಿಮಿಷ ಎಕ್ಸ್‌ಟ್ರಾ ಟೈಮಲ್ಲೂ ಏನೂ ಆಗ್ಲಿಲ್ಲ, ಶೂಟೌಟ್. ಜೆಕ್ ಕಡೆ ಮೊದಲು ಬಂದ ರಾಬರ್ಟ್ ರೈಖಲ್ ಗೋಲು ಹಾಕಿದ್ರು. ಇನ್ನು ಜೆಕ್ ಕೀಪರ್ ಡೊಮಿನಿಕ್ ಹಾಶೆಕ್ ಸರದಿ. ಕೆನಡಾದ ಫ್ಲ್ಯೂರಿ ಬಂದ್ರು, ಇಲ್ಲ. ಬೋರ್ಕ್, ಇಲ್ಲ. ನ್ಯೂವೆಂಡೈಕ್, ಇಲ್ಲ. ಲಿಂಡ್ರೋಸ್ ಹೊಡೆದಿದ್ದು ಕಂಬಕ್ಕೆ ತಾಗ್ತು. ಶಾನಹನ್, ಇಲ್ಲ. ಹಾಶೆಕ್ ಆಟ ನೋಡಿದವರಿಗೆ ಗೊತ್ತು, ಪುಸ್ತಕದಲ್ಲಿರೋ ಯಾವ ಸ್ಟೈಲೂ ಅಲ್ಲ ಅದು, ಮಲಗ್ತಾರೆ, ಹೊರಳಾಡ್ತಾರೆ, ಸ್ಟಿಕ್ ಬಿಸಾಕಿ ಬರಿಗೈಯಲ್ಲಿ ಪಕ್ ಮುಚ್ತಾರೆ, ಬೆನ್ನು ಮೂಳೆ ಇದ್ಯೋ ಇಲ್ವೋ ಅನ್ನಿಸುತ್ತೆ. ಗ್ರೆಟ್ಸ್ಕಿಗೆ ಹೊಡೆಯೋ ಅವಕಾಶವೇ ಬರ್ಲಿಲ್ಲ, ಬೆಂಚ್ ಮೇಲೆ ಕೂತೇ ಸೋತ್ರು. ಫೈನಲ್‌ನಲ್ಲಿ ರಷ್ಯಾ, ಅದರ ಪಾವೆಲ್ ಬುರೆ ಸೆಮಿಯಲ್ಲಿ ಒಬ್ಬರೇ ಐದು ಗೋಲು ಹಾಕಿ ಬಂದಿದ್ರು, ಹಾಶೆಕ್ ಎದುರು ಒಂದೂ ಆಗ್ಲಿಲ್ಲ. 1-0, ಗೋಲು ಡಿಫೆನ್ಸ್ ಆಟಗಾರ ಪೆತ್ರ್ ಸ್ವೊಬೊದ ಅವರದ್ದು. ಆರು ಮ್ಯಾಚಲ್ಲಿ ಹಾಶೆಕ್ ಬಿಟ್ಟಿದ್ದು ಆರೇ ಗೋಲು.

"ಗೋಲ್‌ಕೀಪರ್ ಒಬ್ನೇ ಗೆಲ್ಲಿಸ್ತಾನೆ" ಅನ್ನೋ ಮಾತಿಗೆ ಬಲ ಬಂದಿದ್ದು ಇಲ್ಲಿಂದ. ಅದು ತಪ್ಪೂ ಅಲ್ಲ. ಆದ್ರೆ ಆ ಸೆಮಿಯಲ್ಲಿ ಕೆನಡಾ ಗೋಲಲ್ಲಿದ್ದ ಪ್ಯಾಟ್ರಿಕ್ ರುವಾ 70 ನಿಮಿಷದ ಆಟದಲ್ಲಿ ಬಿಟ್ಟಿದ್ದು ಒಂದು ಗೋಲು, ಶೂಟೌಟಲ್ಲಿ ಒಂದು. ಅಷ್ಟೇ. ಅದನ್ನ ಯಾರೂ ದಂತಕಥೆ ಅನ್ನಲ್ಲ.

2002ರ ಸಾಲ್ಟ್ ಲೇಕ್‌ಗೆ ಬನ್ನಿ. ಸ್ವೀಡನ್ ಗ್ರೂಪಲ್ಲಿ ಮೂರಕ್ಕೆ ಮೂರೂ ಗೆದ್ದಿತ್ತು, ಕೆನಡಾಗೆ 5-2 ಹೊಡೆದಿತ್ತು. ಕ್ವಾರ್ಟರ್‌ಫೈನಲ್‌ನಲ್ಲಿ ಬೆಲಾರಸ್, ಯಾರೂ ಲೆಕ್ಕಕ್ಕೇ ಇಟ್ಕೊಳ್ಳದ ಟೀಮ್. 3-3 ಇದ್ದಾಗ, ಮೂರು ನಿಮಿಷವೂ ಬಾಕಿ ಇಲ್ಲ, ವ್ಲಾಡಿಮಿರ್ ಕೊಪಾಟ್ ಮೈದಾನದ ಮಧ್ಯದ ಹತ್ರದಿಂದ ಸುಮ್ನೆ ಒಂದು ಹೊಡೆದ್ರು. ಸಾಲೊ ಮಾಸ್ಕಿಗೆ ಬಡಿದು ಪಕ್ ಮೇಲೆ ಹಾರ್ತು, ಬೆನ್ನ ಹಿಂದೆ ಬಿತ್ತು, ಒಳಗೆ ಹೋಯ್ತು. 4-3. ಎಂಟು ವರ್ಷದ ಹಿಂದೆ ಕರಿಯ ಹೊಡೆತ ತಡೆದು ಚಿನ್ನ ಕೊಟ್ಟ ಅದೇ ಸಾಲೊ. ಆ ಒಂದು ಗೋಲಿನ ಕ್ಲಿಪ್ ಇವತ್ತಿಗೂ ಓಡ್ತಾ ಇರುತ್ತೆ. ಬೆಲಾರಸ್ ಕೀಪರ್ ಆಂದ್ರೇ ಮೆಜಿನ್ ಅವತ್ತು 44 ಶಾಟ್ ತಡೆದಿದ್ದು, ಸ್ವೀಡನ್ನಿನ ಅಷ್ಟು ದೊಡ್ಡ ಸ್ಟಾರ್‌ಗಳು ಅವರನ್ನ ದಾಟೋಕೆ ಒದ್ದಾಡಿದ್ದು, ಅದೆಲ್ಲ ಕ್ಲಿಪ್ಪಲ್ಲಿ ಇರಲ್ಲ. ನನಗೆ ಇದು ಅನ್ಯಾಯ ಅನ್ಸುತ್ತೆ. ಮುಂದಿನ ಮ್ಯಾಚಲ್ಲಿ ಕೆನಡಾ ಬೆಲಾರಸ್‌ಗೆ ಏಳು ಗೋಲು ಹೊಡೀತು, ಅಂದ್ರೆ ಆ ಬಿಸಿ ಒಂದು ರಾತ್ರಿಗಷ್ಟೇ ಇತ್ತು.

2006ರ ಟ್ಯೂರಿನ್‌ನಲ್ಲೂ ಹೀಗೇ, ಕೆನಡಾ ಒಂದೇ ಟೂರ್ನಿಯಲ್ಲಿ ಮೂರು ಸಲ 2-0ಗೆ ಸೋಲ್ತು, ಸ್ವಿಟ್ಜರ್ಲೆಂಡ್, ಫಿನ್ಲೆಂಡ್, ರಷ್ಯಾ ಎದುರು, ಮೂರು ಬೇರೆ ಬೇರೆ ಕೀಪರ್‌ಗಳು. ಸ್ವಿಸ್‌ನ ಮಾರ್ಟಿನ್ ಗರ್ಬರ್ 49 ತಡೆದ್ರು. ಸ್ವಿಟ್ಜರ್ಲೆಂಡ್ ಆಮೇಲೆ ಕ್ವಾರ್ಟರ್‌ಫೈನಲ್‌ನಲ್ಲಿ ಸ್ವೀಡನ್‌ಗೆ 6-2 ಸೋತು ಮನೆಗೆ ಹೋಯ್ತು. ಮೂರು ಕೀಪರ್‌ಗಳೂ ಒಟ್ಟಿಗೆ ಹಾಶೆಕ್ ಆಗಿಬಿಟ್ರಾ, ಇಲ್ಲಾ ಕೆನಡಾದವ್ರಿಗೇ ಗೋಲು ಹಾಕೋಕೆ ಬರ್ಲಿಲ್ವಾ ಅಂತ ಕೇಳ್ಬೇಕಲ್ವಾ? ಅದೇ ವರ್ಷ ಮಹಿಳೆಯರ ಸೆಮಿಯಲ್ಲಿ ಸ್ವೀಡನ್‌ನ ಕಿಮ್ ಮಾರ್ಟಿನ್, 19ರ ಹುಡುಗಿ, ಅಮೆರಿಕವನ್ನ ಶೂಟೌಟಲ್ಲಿ ತಡೆದು ನಿಲ್ಲಿಸಿದ್ರು, ಮಹಿಳಾ ಹಾಕಿಯಲ್ಲಿ ಅಷ್ಟು ದೊಡ್ಡ ಅಚ್ಚರಿ ಅಲ್ಲಿವರೆಗೆ ಆಗಿರ್ಲಿಲ್ಲ.

ಈ ವಾದದ ಎರಡೂ ಕಡೆ ಒಂದೇ ಮ್ಯಾಚಲ್ಲಿ ನೋಡ್ಬೇಕು ಅಂದ್ರೆ 2014ರ ಸೋಚಿ, ಕೆನಡಾ–ಲಾಟ್ವಿಯಾ ಕ್ವಾರ್ಟರ್‌ಫೈನಲ್. ಲಾಟ್ವಿಯಾ ಕೀಪರ್ ಕ್ರಿಸ್ಟರ್ಸ್ ಗುಡ್ಲೆವ್‌ಸ್ಕಿಸ್‌ಗೆ 21 ವರ್ಷ, ಎನ್‌ಎಚ್‌ಎಲ್‌ನಲ್ಲಿ ಒಂದು ಮ್ಯಾಚೂ ಆಡಿರ್ಲಿಲ್ಲ. ಶಾಟ್ ಲೆಕ್ಕ 57ಕ್ಕೆ 16. ಹುಡುಗ 55 ತಡೆದ. ಮೂರನೇ ಪೀರಿಯಡ್ ಅರ್ಧ ದಾಟೋವರೆಗೂ 1-1, ಕೊನೆಗೆ ಪವರ್ ಪ್ಲೇಯಲ್ಲಿ (ಎದುರಾಳಿಯ ಒಬ್ಬ ಶಿಕ್ಷೆಯಾಗಿ ಹೊರಗಿದ್ದಾಗ) ಕೆನಡಾದ ಶೇ ವೆಬರ್ ಹೊಡೆದಿದ್ದು ಒಳಗೆ ಹೋಯ್ತು, 2-1. ಮ್ಯಾಚ್ ಮುಗಿದಾಗ ಆ ಲಾಟ್ವಿಯಾ ಹುಡುಗ ಸುಸ್ತಾಗಿ ಹೋಗಿದ್ದ. ಆ ಕಡೆ ಕೆನಡಾ ಕೀಪರ್ ಕೇರಿ ಪ್ರೈಸ್‌ಗೆ ಬಂದಿದ್ದು 16 ಶಾಟ್ ಮಾತ್ರ. ಪ್ರೈಸ್ ಆಮೇಲೆ ಸೆಮಿಯಲ್ಲಿ ಅಮೆರಿಕ, ಫೈನಲಲ್ಲಿ ಸ್ವೀಡನ್, ಇಬ್ಬರಿಗೂ ಒಂದು ಗೋಲೂ ಬಿಡದೆ ಟೂರ್ನಿಯ ಬೆಸ್ಟ್ ಕೀಪರ್ ಆದ್ರು, ಅದಕ್ಕೆ ಯೋಗ್ಯರೇ. ಆದ್ರೆ ಅಷ್ಟೂ ಟೂರ್ನಿಯಲ್ಲಿ ಕೆನಡಾ ಡಿಫೆನ್ಸ್ ಎದುರಾಳಿಗೆ ಪಕ್ಕೇ ಕೊಡದ ಹಾಗೆ ಆಡಿತ್ತು, ಆರು ಮ್ಯಾಚಲ್ಲಿ ಇಡೀ ಟೀಮ್ ಬಿಟ್ಟಿದ್ದು ಮೂರು ಗೋಲು. ಅದ್ರಲ್ಲಿ ಗೋಲ್‌ಕೀಪರ್ ಪಾಲೆಷ್ಟು, ಮುಂದಿದ್ದ ಐವರ ಪಾಲೆಷ್ಟು ಅಂತ ಬಿಡಿಸೋ ಲೆಕ್ಕ ಪತ್ರಿಕೆಯ ಹೆಡ್‌ಲೈನಲ್ಲಿ ಹಿಡಿಸಲ್ಲ.

ಕೋಚ್‌ಗಳ ಕಷ್ಟ ಇನ್ನೊಂದು. ಆರು ಮ್ಯಾಚಲ್ಲಿ ಕೀಪರ್ ಒಂದ್ಸಲ ಎಡವಿದ್ರೆ ಬದಲಾಯಿಸ್ಬೇಕಾ, ನಂಬ್ಕೊಂಡು ಇರ್ಬೇಕಾ? ಕೆನಡಾ 2002ರಲ್ಲಿ ಸ್ವೀಡನ್ ಎದುರು ಸೋತ ಮೇಲೆ ಕರ್ಟಿಸ್ ಜೋಸೆಫ್ ಬದಲು ಬ್ರೋಡರ್ ಅವರನ್ನ ನಿಲ್ಲಿಸ್ತು, ಚಿನ್ನ ಬಂತು. 2010ರಲ್ಲಿ ಅಮೆರಿಕಕ್ಕೆ 5-3 ಸೋತ ಮೇಲೆ ಅದೇ ಬ್ರೋಡರ್ ಅವರನ್ನ ಕೂರಿಸಿ ಲುವಾಂಗೊ ಅವರನ್ನ ನಿಲ್ಲಿಸ್ತು, ಮತ್ತೆ ಚಿನ್ನ. ಬದಲಾಯಿಸಿದ್ರಿಂದಲೇ ಗೆದ್ರು ಅಂತ ಜನ ನಂಬ್ತಾರೆ. ಬದಲಾಯಿಸದೇ ಇದ್ದಿದ್ರೆ ಏನಾಗ್ತಿತ್ತು ಅಂತ ತೋರಿಸೋಕೆ ಆ ಟೂರ್ನಿ ಇನ್ನೊಂದ್ಸಲ ನಡೆಯಲ್ಲ.

ಚಿಕ್ಕ ದೇಶಗಳು ಮಾತ್ರ ಈ ವಾದವನ್ನ ತಲೆಗೇ ಹಚ್ಕೊಂಡಿಲ್ಲ. ಇಪ್ಪತ್ತು ಜನ ಒಳ್ಳೆ ಸ್ಕೇಟರ್‌ಗಳನ್ನ ಬೆಳೆಸೋದು 20 ಲಕ್ಷವೂ ಇಲ್ಲದ ಲಾಟ್ವಿಯಾದಂಥ ದೇಶಕ್ಕೆ ಕಷ್ಟ, ಒಬ್ಬ ಗೋಲ್‌ಕೀಪರ್ ಆದ್ರೆ ಆದೀತು. 2023ರ ವರ್ಲ್ಡ್ ಚಾಂಪಿಯನ್‌ಶಿಪ್‌ನಲ್ಲಿ ಆದದ್ದೂ ಅದೇ. ಆರ್ಟೂರ್ಸ್ ಶಿಲೊವ್ಸ್ ಅನ್ನೋ 22ರ ಹುಡುಗ ಗೋಲಲ್ಲಿ ನಿಂತ, ರೀಗಾದಲ್ಲಿ ಸ್ವೀಡನ್‌ನ 3-1 ಸೋಲಿಸಿದ್ರು, ಟಾಂಪೆರೆಯಲ್ಲಿ ಅಮೆರಿಕವನ್ನ ಓವರ್‌ಟೈಮಲ್ಲಿ 4-3 ಸೋಲಿಸಿ ದೇಶದ ಮೊದಲ ಪದಕ, ಕಂಚು, ತಗೊಂಡ್ರು. ಟೂರ್ನಿಯ ಬೆಸ್ಟ್ ಆಟಗಾರ ಅದೇ ಶಿಲೊವ್ಸ್. ಅವತ್ತು ಭಾನುವಾರ, ಮಧ್ಯರಾತ್ರಿಗೆ ಮುಂಚೆ ಸಂಸತ್ತು ಸೇರಿ ಸೋಮವಾರ ರಜೆ ಅಂತ ಘೋಷಿಸ್ತು.

ಅದಾದ್ಮೇಲೆ ಏನಾಯ್ತು ನೋಡಿ. 2024ರ ಎನ್‌ಎಚ್‌ಎಲ್ ಪ್ಲೇಆಫ್‌ನಲ್ಲಿ ವ್ಯಾಂಕೂವರ್‌ನ ಕೀಪರ್‌ಗಳಿಗೆ ಗಾಯ ಆಗಿ ಶಿಲೊವ್ಸ್ ನಿಲ್ಬೇಕಾಯ್ತು, ನಿಂತ. ಮುಂದಿನ ಸೀಸನ್‌ನಲ್ಲಿ ಎನ್‌ಎಚ್‌ಎಲ್‌ನಲ್ಲಿ ಒದ್ದಾಡಿ ಕೆಳಗಿನ ಲೀಗ್ ಎಎಚ್‌ಎಲ್‌ಗೆ ಹೋದ, ಅಲ್ಲಿ 2025ರ ಪ್ಲೇಆಫ್‌ನಲ್ಲಿ ಆಬಟ್ಸ್‌ಫರ್ಡ್ ಟೀಮಿಗೆ ಕಾಲ್ಡರ್ ಕಪ್ ಗೆಲ್ಲಿಸಿ ಮತ್ತೆ ಬೆಸ್ಟ್ ಆಟಗಾರ ಅನ್ನಿಸಿಕೊಂಡ, ಆಮೇಲೆ ಪಿಟ್ಸ್‌ಬರ್ಗ್ ಅವನನ್ನ ತಗೊಳ್ತು. ಸಣ್ಣ ಟೂರ್ನಿಗೇ ಹುಟ್ಟಿದ ಗೋಲ್‌ಕೀಪರ್ ಅಂತ ಒಂದು ಜಾತಿ ಇದೆ ಅನ್ನೋರು ಅವನನ್ನ ತೋರಿಸ್ತಾರೆ, ಶಾಟ್ ಸಂಖ್ಯೆ ಕಡಿಮೆ ಇದ್ದಾಗ ಹೀಗೆಲ್ಲ ಕಾಣುತ್ತೆ ಅನ್ನೋರೂ ಅವನನ್ನೇ ತೋರಿಸ್ತಾರೆ.